ಮೂರಡಿ ಕಾಂಪೌಂಡು, ಊರಗಲ ಬಚ್ಚಲು

ತೀರ್ಥಹಳ್ಳಿ ತಾಲ್ಲೂಕಿನ ಕವಲೇದುರ್ಗಕ್ಕೆ ಹೋದವರಿಗೆ ಗೊತ್ತು, ಕೆಳದಿಯ ಅರಸರು ಆ ಗುಡ್ಡಕ್ಕೆ ಮೂರು ಸುತ್ತು ಕೋಟೆ ಕಟ್ಟಿಸಿದ್ದಾರೆ. ಏದುಸಿರು ಬಿಡುತ್ತ ಒಂದೊಂದೇ ಬಾಗಿಲು ದಾಟಿ ಅರಮನೆಯ ಜಾಗ ಮುಟ್ಟಿದರೆ ಅಲ್ಲಿ ಮಾಡೂ ಇಲ್ಲ, ಗೋಡೆಯೂ ಇಲ್ಲ, ಸಿಂಹಾಸನದ ಸುದ್ದಿಯಂತೂ ಇಲ್ಲವೇ ಇಲ್ಲ. ತಳಪಾಯದ ನಡುವೆ ಒಂದು ಸ್ನಾನದ ಕೋಣೆಯ ಗುರುತಿದೆ. ಅಡುಗೆಮನೆಯ ಜಾಗದಲ್ಲಿ ಐದು ಉರಿಯ ಕಲ್ಲೊಲೆಯೊಂದು, ಈಗಲೂ ಯಾರಾದರೂ ಸೌದೆ ತಂದರೆ ಹೊತ್ತಿಕೊಳ್ಳುತ್ತೇನೆ ಎನ್ನುವ ಠೀವಿಯಲ್ಲಿ ಕೂತಿದೆ. ಮೂರು ಸುತ್ತು ಕೋಟೆ ದಾಟಿ ಬಂದ ಪ್ರವಾಸಿಗರು ಕಡೆಗೆ ಫೋಟೋ ತೆಗೆಸಿಕೊಳ್ಳುವುದು ಒಲೆಯ ಮುಂದೆ.

ಈ ಒಲೆ ನೋಡಿಯೇ ಮೇಷ್ಟ್ರು ಕೆಟ್ಟದ್ದು ಎಂಬುದು ಅವರ ನೆಂಟರಿಷ್ಟರ ಖಚಿತ ಅಭಿಪ್ರಾಯ.

ಮೇಷ್ಟ್ರೆಂದರೆ ಆ ಕಡೆಯ ಒಬ್ಬ ನಿವೃತ್ತ ಸಮಾಜ ವಿಜ್ಞಾನದ ಮೇಷ್ಟ್ರು. ವರ್ಷಾ ವರ್ಷ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಕೋಟೆ ತೋರಿಸಿದವರು. ನಿವೃತ್ತಿಯ ಹಣ ಕೈಗೆ ಬಂದದ್ದೇ ಪೇಟೆಯಂಚಿನ ಬಡಾವಣೆಯಲ್ಲಿ 40-60ರ ಸೈಟಿನಲ್ಲಿ ಮನೆ ಕಟ್ಟಿಸಲು ಹೊರಟರು. ಹೊರಟದ್ದು ತಪ್ಪಲ್ಲ. ಆದರೆ ಇಂಜಿನಿಯರ್ ಹುಡುಗ ಎಲಿವೇಷನ್ನಿನ ಬಣ್ಣದ ಚಿತ್ರ ಬಿಡಿಸಿ ಮುಂದಿಟ್ಟಾಗ ಮೇಷ್ಟ್ರು ಕೇಳಿದ ಮೊದಲ ಪ್ರಶ್ನೆ: "ಬಚ್ಚಲು ಎಲ್ಲಿ ಬಂತು?"

ಹುಡುಗ ತಬ್ಬಿಬ್ಬಾದ. ಪಾಪ, ಅವನ ತಪ್ಪೇನೂ ಇಲ್ಲ. ನಮ್ಮಲ್ಲಿ ಮನೆ ಶುರುವಾಗುವುದು ರಸ್ತೆಯ ಕಡೆಯಿಂದ. ಮೊದಲು ಗೇಟು ಯಾವ ಕಡೆ ಎಂದು ತೀರ್ಮಾನವಾಗುತ್ತದೆ, ಆಮೇಲೆ ಕಾಂಪೌಂಡು, ಆಮೇಲೆ ಮುಂಬಾಗಿಲಿನ ತೇಗ, ಆಮೇಲೆ ಹಾಲ್‌ನ ಸೀಲಿಂಗು. ಸಾಲದ ಕೊನೆಯ ಕಂತು ಕರಗುವ ಹೊತ್ತಿಗೆ ಮೂಲೆಯಲ್ಲಿ ನಾಲ್ಕಡಿ ಆರಡಿ ಜಾಗ ಉಳಿದಿರುತ್ತದೆ. ಅದೇ ಬಚ್ಚಲು. ಒಳಗೆ ಒಬ್ಬರು ಬಗ್ಗಿದರೆ ಬಾಗಿಲು ತಾನಾಗಿ ತೆರೆದುಕೊಳ್ಳುತ್ತದೆ.

ಮೇಷ್ಟ್ರು ಹಾಳೆ ಪೆನ್ಸಿಲು ಹಿಡಿದು ಕಾಂಪೌಂಡಿನ ಲೆಕ್ಕ ಹಾಕಿದರು. ಸೈಟಿನ ಸುತ್ತಳತೆ 200 ಅಡಿ. ಗೇಟಿಗೆ 10 ಅಡಿ ಕಳೆದರೆ 190. ಎಲ್ಲರ ಹಾಗೆ ಐದಡಿ ಎತ್ತರ ಕಟ್ಟಿದರೆ 950 ಚದರಡಿ ಗೋಡೆ. 16-8 ಇಂಚಿನ ಸಿಮೆಂಟ್ ಬ್ಲಾಕಾದರೆ ಹತ್ತಿರ ಹತ್ತಿರ 1,070 ಬ್ಲಾಕು. ಗೋಡೆಗೆ ಎರಡು ಮೈ ಇರುವುದರಿಂದ ಗಾರೆ 1,900 ಚದರಡಿಗೆ. ಅದರಡಿಯ ಪಾಯ, ನಡುನಡುವೆ ಕಂಬ, ಮೇಲೆ ಬಣ್ಣ ಬೇರೆ. ಯಾರೂ ಮಲಗದ, ಯಾರೂ ಉಣ್ಣದ, ಮಳೆಗೆ ನೆನೆದು ಎರಡೇ ವರ್ಷಕ್ಕೆ ಹಾವಸೆ ಕಟ್ಟಿ ಕಪ್ಪಾಗುವ ಗೋಡೆಗೆ ಇಷ್ಟು.

"ಕಳ್ಳರ ಕಾಟ ಅಂತ ಒಂದಿದೆಯಲ್ಲ" ಎಂದರು ಪಕ್ಕದ ಸೈಟಿನವರು.

ಅದಕ್ಕೆ ಉತ್ತರ ಕೊಟ್ಟವನು ಮೇಸ್ತ್ರಿ. ಬಾಯಲ್ಲಿ ಎಲೆಯಡಿಕೆ ಇದ್ದುದರಿಂದ ತಲೆ ಮೇಲೆತ್ತಿ ಹೇಳಿದ: "ಐದಡಿ ಗೋಡೆ ಹಾರಕ್ಕೆ ಬರದಿರೋ ಕಳ್ಳ ಕಸುಬು ಬಿಟ್ಟು ಬೇರೆ ಎಂತಾದ್ರೂ ನೋಡ್ಕಬೇಕು ಮಾರಾಯ್ರೆ."

ಮಲೆನಾಡಿನ ಹಳಬರು ಗಡಿಯ ವಿಷಯದಲ್ಲಿ ಬಹಳ ಜಿಪುಣರಾಗಿದ್ದರು. ತೋಟದ ಸುತ್ತ ಅಗಳು ತೋಡುವುದು, ತೋಡಿದ ಮಣ್ಣನ್ನೇ ಒಳಬದಿಗೆ ಏರಿ ಹಾಕುವುದು, ಏರಿಯ ಮೇಲೆ ಬೇಲಿ ಗಿಡ ನೆಡುವುದು. ಅಗಳು ದನ ತಡೆಯುತ್ತದೆ, ಮಳೆನೀರನ್ನೂ ಸಾಗಹಾಕುತ್ತದೆ. ಅಂಗಳದ ಬಾಯಿಗೆ ಗೇಟಿನ ಬದಲು ಉಣುಗೋಲು: ತೂತು ಕೊರೆದ ಎರಡು ಕಂಬ, ಅದರೊಳಗೆ ಅಡ್ಡ ಸರಿಸುವ ನಾಲ್ಕು ಗಳ. ಮನುಷ್ಯರಿಗೆ ಗಳ ಸರಿಸುವ ಬುದ್ಧಿ ಇದೆ, ದನಕ್ಕೆ ಇಲ್ಲ ಎಂಬ ನಂಬಿಕೆಯ ಮೇಲೆ ನಿಂತ ಏರ್ಪಾಟು. ಕೆಲವು ದನಗಳು ಈ ನಂಬಿಕೆಯನ್ನು ಸುಳ್ಳು ಮಾಡಿದ್ದುಂಟು.

ಈಗಿನ ಕಾಂಪೌಂಡು ಮಳೆಯನ್ನು ಮರೆತು ಕಟ್ಟಿದ್ದು. ತೀರ್ಥಹಳ್ಳಿಯಿಂದ ಒಂದು ಗಂಟೆಯೊಳಗೆ ಆಗುಂಬೆ ಸಿಗುತ್ತದೆ ಎಂದರೆ ಮಳೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಗುಡ್ಡ ಕಡಿದು ಮಾಡಿದ ಸೈಟಿನ ಹಿಂಬದಿ ಧರೆಗೆ ಒತ್ತಿ ಬ್ಲಾಕಿನ ಗೋಡೆ ಎಬ್ಬಿಸಿ, ಎರಡೂ ಕಡೆ ಗಾರೆ ಬಳಿದು, ನೀರು ಹೋಗಲು ಒಂದು ತೂತೂ ಬಿಡದೆ ಮುಗಿಸಿರುತ್ತಾರೆ. ಆಷಾಢದಲ್ಲಿ ಹಿಂದೆ ನೀರು ತುಂಬುತ್ತದೆ. ಒಂದೂವರೆ ಮೀಟರ್ ನೀರು ನಿಂತರೆ ಗೋಡೆಯ ಬುಡಕ್ಕೆ ಚದರ ಮೀಟರಿಗೆ ಒಂದೂವರೆ ಟನ್ ಒತ್ತಡ. ನೆನೆದ ಮಣ್ಣಿನ ಭಾರ ಬೇರೆ. ಮೊದಲು ಗೋಡೆ ಉಬ್ಬುತ್ತದೆ, ಮನೆಯವರು "ಮೊದಲಿಂದಲೂ ಹಾಗೇ ಇತ್ತು" ಎನ್ನುತ್ತಾರೆ, ಮೂರನೇ ದಿನ ರಾತ್ರಿ ದಡಾರೆಂದು ಶಬ್ದ ಬರುತ್ತದೆ. ಬುಡದಲ್ಲಿ ಆರಡಿಗೊಂದು ಪೈಪಿನ ತುಂಡು ಇಟ್ಟು, ಅದರ ಹಿಂದೆ ನಾಲ್ಕು ಬುಟ್ಟಿ ಜಲ್ಲಿ ಸುರಿದಿದ್ದರೆ ಆಗುತ್ತಿತ್ತು. ಆದರೆ ಪೈಪಿನ ತೂತಿಂದ ಕೆಂಪು ನೀರು ಇಳಿದು ಗೋಡೆಯ ಬಣ್ಣ ಕೆಡುತ್ತದಂತೆ!

ಮೇಷ್ಟ್ರು ಹಿಂಬದಿಗೆ ಗಾರೆಯ ಗೊಡವೆಗೇ ಹೋಗದೆ ಕಾಡುಕಲ್ಲು ಜೋಡಿಸಿದರು. ಅಡಿಯಲ್ಲಿ ಅಗಲ, ಮೇಲೆ ಕಿರಿದು, ಧರೆಯ ಕಡೆಗೆ ಸ್ವಲ್ಪ ಒರಗು. ಸಂದಿಯಲ್ಲೆಲ್ಲ ನೀರು ಹರಿದುಹೋಗುತ್ತದೆ. ಹಾವು ಸೇರುತ್ತದೆ ಎಂದವರಿಗೆ, "ಅದೂ ಎಲ್ಲಾದರೂ ಇರಬೇಕಲ್ಲ" ಎಂದರು. ಅವರ ಹೆಂಡತಿಗೆ ಈ ಉದಾರತೆ ಹಿಡಿಸಲಿಲ್ಲ. ಕಲ್ಲಿನ ಕಟ್ಟಣೆಗೂ ಬಟ್ಟೆ ಒಗೆಯುವ ಕಲ್ಲಿಗೂ ನಡುವೆ ಹತ್ತಡಿ ಅಂತರ ಇರಬೇಕೆಂದು ಆಕೆ ಅಪ್ಪಣೆ ಮಾಡಿದರು, ಅಷ್ಟೇ ಇದೆ.

ಮುಂದಿನ ಗೋಡೆಯದು ದೊಡ್ಡ ಕತೆ. ಅದಕ್ಕೆ ಕಾರಣ ಲಾರಿ ಬೇಕರ್. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ 1917ರಲ್ಲಿ ಹುಟ್ಟಿ, ತಿರುವನಂತಪುರದಲ್ಲಿ ನೆಲೆಸಿ, 2007ರಲ್ಲಿ ತೀರಿಕೊಳ್ಳುವ ತನಕ ಕಡಿಮೆ ಖರ್ಚಿನ ಮನೆ ಕಟ್ಟುತ್ತಲೇ ಇದ್ದ ವಾಸ್ತುಶಿಲ್ಪಿ. ಇಟ್ಟಿಗೆಯನ್ನು ಮಲಗಿಸುವ ಬದಲು ಅಂಚಿನ ಮೇಲೆ ನಿಲ್ಲಿಸಿ, ಗೋಡೆಯ ಹೊಟ್ಟೆಯಲ್ಲಿ ಟೊಳ್ಳು ಉಳಿಸಿ ಕಟ್ಟಿದರೆ ಸುಮಾರು ಕಾಲು ಭಾಗ ಇಟ್ಟಿಗೆ ಉಳಿಯುತ್ತದೆ, ಟೊಳ್ಳಿನ ಗಾಳಿಯಿಂದ ಬಿಸಿಲ ಝಳವೂ ಒಳಗೆ ಬರುವುದು ಕಡಿಮೆ ಎಂದು ಊರೂರಲ್ಲಿ ಕಟ್ಟಿ ತೋರಿಸಿದವರು. ಮೇಷ್ಟ್ರು ಇದನ್ನು ವಿವರಿಸಿದಾಗ ಮೇಸ್ತ್ರಿ ಬಹಳ ಯೋಚಿಸಿ ಕೇಳಿದ: "ಟೊಳ್ಳು ಗೋಡೆಗೆ ಕ್ಯಾಲೆಂಡರ್ ಮೊಳೆ ಹೊಡಿಯದು ಹೆಂಗೆ?" ಈ ಪ್ರಶ್ನೆಗೆ ಬೇಕರ್ ಎಲ್ಲಾದರೂ ಉತ್ತರಿಸಿದ್ದಾರೋ ಎಂದು ಮೇಷ್ಟ್ರು ಒಂದು ವಾರ ಹುಡುಕಿದರು.

ಅದು ಬಿಟ್ಟು ಅವರು ಹಿಡಿದದ್ದು ಡೊಂಕು ಗೋಡೆ. ನೆಟ್ಟಗಿನ ತೆಳು ಗೋಡೆ ತಳ್ಳಿದರೆ ಬೀಳುತ್ತದೆ, ಅದನ್ನೇ ಅಲೆಯಲೆಯಾಗಿ ಕಟ್ಟಿದರೆ ತನ್ನ ಡೊಂಕಿನ ಬಲದಿಂದಲೇ ನಿಲ್ಲುತ್ತದೆ, ಆಸರೆಯ ಕಂಬ ಬೇಡ. ಇಂಗ್ಲೆಂಡಿನ ಸಫೋಕ್ ಸೀಮೆಯಲ್ಲಿ ಇಂಥ ತೋಟದ ಗೋಡೆಗಳು ಹೇರಳ. ಅಮೆರಿಕದ ಅಧ್ಯಕ್ಷರಾಗಿದ್ದ ಥಾಮಸ್ ಜೆಫರ್ಸನ್ ವರ್ಜೀನಿಯಾ ವಿಶ್ವವಿದ್ಯಾಲಯದ ತೋಟಗಳಿಗೆ ಇದನ್ನೇ ಹಾಕಿಸಿದ್ದರು. ಮೇಷ್ಟ್ರು ರಂಗೋಲಿ ಪುಡಿಯಲ್ಲಿ ನೆಲದ ಮೇಲೆ ಅಲೆ ಬರೆದರು. ಪಕ್ಕದ ಸೈಟಿನವರು ಬಂದು ಸೊಂಟದ ಮೇಲೆ ಕೈಯಿಟ್ಟು ನೋಡಿ, ಒಂದೇ ಮಾತು ಕೇಳಿದರು: "ಈ ಉಬ್ಬು ಯಾರ ಕಡೆಗೆ, ಈ ತಗ್ಗು ಯಾರ ಕಡೆಗೆ?"

ಜೆಫರ್ಸನ್‌ಗೆ ಇಂಥ ನೆರೆಯವರು ಇರಲಿಲ್ಲ.

ಕಡೆಗೆ ಕಾಂಪೌಂಡು ನೆಟ್ಟಗೆ, ಮೂರಡಿ ಎತ್ತರಕ್ಕೆ, ಜಂಬಿಟ್ಟಿಗೆಯಲ್ಲಿ ಬಂತು. ಜಂಬಿಟ್ಟಿಗೆ ನೆಲದೊಳಗಿರುವಾಗ ಮೆತ್ತಗೆ, ಕಡಿದು ಹೊರಗಿಟ್ಟರೆ ಗಾಳಿಗೆ ಗಟ್ಟಿಯಾಗುತ್ತದೆ. 1800-01ರಲ್ಲಿ ಮೈಸೂರು, ಕೆನರಾ, ಮಲಬಾರು ಸುತ್ತಿದ ಫ್ರಾನ್ಸಿಸ್ ಬುಕನನ್ ಇದನ್ನು ಬೆರಗಿನಿಂದ ಬರೆದಿಟ್ಟಿದ್ದಾನೆ. ಕಲ್ಲೇ ಚೆಂದ ಇರುವುದರಿಂದ ಗಾರೆ ಬೇಡ, ಬಣ್ಣ ಬೇಡ, ತಲೆಯ ಮೇಲೆ ಮಳೆ ಇಳಿಯದಂತೆ ಹಳೆ ಹೆಂಚು ಕವುಚಿದರೆ ಮುಗಿಯಿತು. ಗೋಡೆಯ ಹಿಂದೆ ಜೂನ್ ಮಳೆಗೆ ದಾಸವಾಳದ ಗೆಲ್ಲು ಊರಿದರು. ದುಡ್ಡಿಲ್ಲದೆ ಐದಡಿಯಾಯಿತು. ದಾಸವಾಳ ಬಂದ ಮೇಲೆ ಬೆಳಗಿನ ಜಾವ ವಾಕಿಂಗಿಗೆ ಬರುವವರ ಕೈಗೆ ಪ್ಲಾಸ್ಟಿಕ್ ಕೊಟ್ಟೆಯೂ ಬಂತು. ದೇವರಪೂಜೆಗೆ ಹೂ ಕೀಳುವವರನ್ನು ತಡೆಯಲು ಗೋಡೆ ಎಷ್ಟು ಎತ್ತರ ಇರಬೇಕೆಂದು ಯಾವ ಇಂಜಿನಿಯರಿಂಗ್ ಪುಸ್ತಕದಲ್ಲೂ ಇಲ್ಲ.

ಕಾಂಪೌಂಡಿನಲ್ಲಿ ಉಳಿದ ದುಡ್ಡೆಲ್ಲ ಬಚ್ಚಲಿಗೆ ಹೋಯಿತು.

ಅಮೆರಿಕದಲ್ಲಿರುವ ಮಗ ವಿಡಿಯೋ ಕಾಲ್ ಮಾಡಿ, ಮನೆ ಬೆಚ್ಚಗಿಡಲು ನೆಲದಡಿ ಬಿಸಿನೀರಿನ ಪೈಪು ಹರಿಸುವ ಕ್ರಮ ವಿವರಿಸಿದ. ಅವನ ಊರಲ್ಲಿ ಚಳಿಗಾಲಕ್ಕೆ ಮನೆಯ ನಲ್ಲಿಯೇ ಹೆಪ್ಪುಗಟ್ಟುತ್ತದೆ. ತಮ್ಮ ಒಬ್ಬರು ಕೊಡಗಿನ ಕಾಫಿ ಎಸ್ಟೇಟಿನ ಬಂಗಲೆಯಲ್ಲಿ ನೋಡಿ ಬಂದ ಫೈರ್‌ಪ್ಲೇಸ್ ಹಾಕಿಸು ಎಂದರು. ಗೋಡೆಯೊಳಗಿನ ಆ ತೆರೆದ ಬೆಂಕಿ ನೋಡಲು ಚೆಂದ, ಶಾಖದ ಬಹುಪಾಲು ಚಿಮಣಿಯಲ್ಲಿ ಹೊರಟುಹೋಗುತ್ತದೆ. ತೀರ್ಥಹಳ್ಳಿ ಕಡೆ ಥರ್ಮಾಮೀಟರ್ ಹತ್ತರ ಕೆಳಗಿಳಿಯುವುದೇ ಅಪರೂಪ. ಮಗನ ಊರಲ್ಲಿ ಮನೆ ಬೆಚ್ಚಗಾಗಬೇಕು, ಇಲ್ಲಿ ಬಟ್ಟೆ ಒಣಗಬೇಕು. ಜುಲೈಯಲ್ಲಿ ತೊಳೆದ ಟವೆಲು ಆಗಸ್ಟಿನಲ್ಲೂ ಹಸಿಯಾಗಿರುವ ಸೀಮೆಯಿದು. ಮಲೆನಾಡಿನ ಶಾಲೆಗಳಲ್ಲಿ ಮಳೆಗಾಲದ ಹಾಜರಿ ಕರೆದ ಯಾರಿಗೂ ಒಲೆಯ ಹೊಗೆ ಹತ್ತಿದ ಯೂನಿಫಾರ್ಮಿನ ವಾಸನೆ ಮರೆಯುವುದಿಲ್ಲ.

ಹಾಗಾಗಿ ಮನೆ ಕಾಯಿಸುವ ಮಾತು ಬಿಟ್ಟು, ಬಿಸಿನೀರಿಗೆ ಎರಡು ದಾರಿ ಇಟ್ಟುಕೊಳ್ಳುವುದೆಂದಾಯಿತು. ಅಕ್ಟೋಬರಿನಿಂದ ಮೇ ತನಕ ಸೋಲಾರು. ಇದರಲ್ಲಿ ಮೋಟಾರೂ ಇಲ್ಲ, ಪಂಪೂ ಇಲ್ಲ. ಕಾದ ನೀರು ಹಗುರಾಗಿ ತಾನೇ ಮೇಲಿನ ಟ್ಯಾಂಕಿಗೆ ಏರುತ್ತದೆ, ತಣ್ಣೀರು ತಾನೇ ಕೆಳಗಿಳಿಯುತ್ತದೆ. ಟ್ಯಾಂಕು ಮೇಲೆ, ಫಲಕ ಕೆಳಗೆ, ಮುಖ ದಕ್ಷಿಣಕ್ಕೆ, ಇಷ್ಟಾದರೆ ಸಾಕು. ನೂರು ಲೀಟರ್ ನೀರನ್ನು 22 ಡಿಗ್ರಿಯಿಂದ 60ಕ್ಕೆ ಏರಿಸಲು ಕರೆಂಟಾದರೆ ನಾಲ್ಕೂವರೆ ಯೂನಿಟ್ ಹತ್ತಿರ ಬೇಕು. ಆ ಲೆಕ್ಕಕ್ಕಿಂತ ಮೇಷ್ಟ್ರಿಗೆ ಹೆಚ್ಚು ಖುಷಿಯಾದದ್ದು, ಸೋಲಾರ್ ಹಾಕಿದ ಮನೆಗೆ ಕರೆಂಟ್ ಬಿಲ್ಲಿನಲ್ಲಿ ತಿಂಗಳಿಗೆ ಹೆಚ್ಚೆಂದರೆ 50 ರೂಪಾಯಿ ರಿಯಾಯಿತಿ ಕೊಡುತ್ತ ಬಂದ ಪದ್ಧತಿ ಕೇಳಿ.

ಟ್ಯಾಂಕು ಎಲ್ಲಿ ಕೂರಬೇಕೆಂದು ನಿರ್ಧರಿಸಿದವರು ಅವರ ಹೆಂಡತಿ. ಇಂಜಿನಿಯರ್ ಅದನ್ನು ಮುಂಭಾಗದಲ್ಲಿ ಕಾಣಬಾರದೆಂದು ಹಿಂದಿನ ಮೂಲೆಗೆ ತಳ್ಳಿದ್ದ, ಬಚ್ಚಲು ಇನ್ನೊಂದು ತುದಿ. "ನೋಡಿ, ಅಲ್ಲಿಂದ ಇಲ್ಲಿಗೆ ನೀರು ಬರೋ ಹೊತ್ತಿಗೆ ನಾನು ತಣ್ಣೀರಲ್ಲೇ ಮಿಂದು ಆಗಿರುತ್ತೆ" ಎಂದರು ಆಕೆ. ಲೆಕ್ಕ ಅವರ ಕಡೆಗೇ ಇದೆ. ಮುಕ್ಕಾಲಿಂಚಿನ ಪೈಪು ಇಪ್ಪತ್ತು ಮೀಟರ್ ಹರಿದರೆ ಅದರೊಳಗೆ ಆರು ಲೀಟರ್ ನೀರು ರಾತ್ರಿಯಿಡೀ ತಣ್ಣಗಾಗಿ ಕೂತಿರುತ್ತದೆ. ಬೆಳಿಗ್ಗೆ ಮೊದಲು ಮೀಯುವವರು ಅಷ್ಟನ್ನು ಚರಂಡಿಗೆ ಬಿಡಬೇಕು. ಟ್ಯಾಂಕು ಬಚ್ಚಲ ನೆತ್ತಿಗೇ ಬಂತು. ಎಲಿವೇಷನ್ ಕೆಟ್ಟಿತು.

ಮಳೆಗಾಲಕ್ಕೆ ಬಚ್ಚಲೊಲೆ, ತಾಮ್ರದ ಹಂಡೆ. ಆ ನಾಲ್ಕು ತಿಂಗಳು ಸೂರ್ಯನೂ ಇಲ್ಲ, ಗಾಳಿಗೆ ಕೊಂಬೆ ಬಿದ್ದರೆ ಕರೆಂಟೂ ಇಲ್ಲ. ಗ್ಯಾಸ್ ಗೀಸರ್ ಬೇಡವೆಂದದ್ದು ಸರಿಯಾದ ನಿರ್ಧಾರ. ಮುಚ್ಚಿದ ಬಚ್ಚಲಿನಲ್ಲಿ ಅದು ಉಗುಳುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಪ್ರಾಣ ಹೋಗುವುದು ಗೊತ್ತೇ ಆಗುವುದಿಲ್ಲ. ಇದರಲ್ಲಿ ನಗುವಂಥದ್ದೇನೂ ಇಲ್ಲ.

ಒಲೆ ಎಂದರೆ ಮೂರು ಕಲ್ಲಿಟ್ಟು ಹೊಗೆ ಕುಡಿಯುವ ಒಲೆಯಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರು ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕೆಂದು ಅಸ್ತ್ರ ಎಂಬ ಕೇಂದ್ರ ಕಟ್ಟಿದರು. ಮಣ್ಣಿನ ಒತ್ತಿಟ್ಟಿಗೆ, ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಮಾಡಿದ ಪ್ರಯೋಗಗಳು, ಎಲ್ಲಕ್ಕಿಂತ ಮಿಗಿಲಾಗಿ ಅಸ್ತ್ರ ಒಲೆ ಬಂದದ್ದು ಅಲ್ಲಿಂದ. ಅದರ ಗುಟ್ಟು ಸರಳ: ಬೆಂಕಿಯ ಗೂಡು ಮುಚ್ಚಿರಬೇಕು, ಸೌದೆಯಡಿಗೆ ಜಾಲರಿಯಿಟ್ಟು ಕೆಳಗಿನಿಂದ ಗಾಳಿ ಬರಬೇಕು, ಉರಿ ಪಾತ್ರೆಯ ತಳ ಸವರಿಯೇ ಚಿಮಣಿಗೆ ಹೋಗಬೇಕು. ಒಂದು ಬಕೆಟ್ ಬಿಸಿನೀರಿಗೆ ಬೇಕಾದ ಶಾಖ, ನಷ್ಟವೇ ಆಗದಿದ್ದರೆ, ನೂರು ಗ್ರಾಂ ಒಣ ಸೌದೆಯಲ್ಲಿ ಇದೆ. ಹತ್ತರಲ್ಲೊಂದು ಪಾಲು ಮಾತ್ರ ನೀರಿಗೆ ಕೊಡುವ ಹಳೆಯ ಒಲೆಗೆ ಅದೇ ಕೆಲಸಕ್ಕೆ ಒಂದು ಕಿಲೋ ಬೇಕು. ಮೂರರಲ್ಲೊಂದು ಪಾಲು ಕೊಡುವ ಒಲೆಗೆ ಮುನ್ನೂರು ಗ್ರಾಂ ಸಾಕು, ಅಂದರೆ ಒಂದಿಷ್ಟು ತೆಂಗಿನ ಸಿಪ್ಪೆ, ಕರಟ, ಅಡಿಕೆ ಹಾಳೆ.

ಮೇಸ್ತ್ರಿ ಹಂಡೆಯ ಸುತ್ತಳತೆಯನ್ನು ದಾರದಲ್ಲಿ ತೆಗೆದು, ಗೂಡು ಬಿಗಿಯಾಗಿ ಕಟ್ಟಿ, ಹಂಡೆಯ ಹೊಟ್ಟೆಗೂ ಗೂಡಿಗೂ ನಡುವೆ ಎರಡು ಬೆರಳು ಸಂದಿ ಬಿಟ್ಟ. ಚಿಮಣಿ ಬೆನ್ನಿಗೆ ಬಂತು. ಒಲೆಯ ಮೇಲೆ ಕೈಗೆಟಕುವ ಹಾಗೆ ಬಿದಿರಿನ ಅಟ್ಟ, ಅದರಡಿ ನಾಲ್ಕು ಸಾಲು ಹಗ್ಗ. ಬಚ್ಚಲು ಹತ್ತಡಿ ಹನ್ನೆರಡಡಿ. ಹಾಲ್ ಅದಕ್ಕಿಂತ ತುಸು ಚಿಕ್ಕದಾಯಿತೆಂದು ಗೃಹಪ್ರವೇಶಕ್ಕೆ ಬಂದ ನೆಂಟರು ಹಾಲ್‌ನಲ್ಲಿ ನಿಂತು ಆಡಿಕೊಂಡರು. ಆಮೇಲೆ ಮಳೆ ಹಿಡಿದದ್ದರಿಂದ ಎಲ್ಲರೂ ಬಚ್ಚಲಿಗೆ ಹೋಗಿ ಕೈಕಾಲು ಕಾಯಿಸುತ್ತ ಆಡಿಕೊಂಡರು. ಕೆಂಡದಲ್ಲಿ ಹಲಸಿನ ಬೀಜವೂ ಬೆಂದಿತು.

ಆಗಸ್ಟಿನಲ್ಲಿ ಸೋಲಾರಿನ ಸರ್ವಿಸ್‌ಗೆಂದು ಒಬ್ಬ ಹುಡುಗ ಬೈಕಿನಲ್ಲಿ ಬಂದ. ಮಾಡು ಹತ್ತಿ ಮೋಡ ನೋಡಿ ಇಳಿದ. ರೇನ್‌ಕೋಟಿನ ಒಳಗೂ ನೀರು ಹೋಗಿತ್ತು. ಟೀ ಕೊಡುತ್ತೇನೆಂದು ಮೇಷ್ಟ್ರ ಹೆಂಡತಿ ಬಚ್ಚಲ ಕಡೆ ಕಳಿಸಿದರೆ ಅಂಗಿ ಬಿಚ್ಚಿ ಹಗ್ಗಕ್ಕೆ ಹಾಕಿ ಒಲೆಯ ಮುಂದೆ ಕೂತುಬಿಟ್ಟ. ಸ್ವಲ್ಪ ಹೊತ್ತು ಜಾಲರಿಗೆ ಬಗ್ಗಿ ನೋಡಿದ, ಚಿಮಣಿ ತಟ್ಟಿ ನೋಡಿದ.

"ಹೊಗೆನೇ ಇಲ್ವಲ್ಲ ಸಾರ್! ನಮ್ಮಮ್ಮ ದಿನಾ ಕಣ್ಣುಜ್ಜಿಕೊಂಡೇ ನೀರು ಕಾಯಿಸೋದು. ಇದು ಕಟ್ಟಿದ ಮೇಸ್ತ್ರಿ ನಂಬರ್ ಕೊಡ್ತೀರಾ?"

"ಕೊಡ್ತೇನೆ ಮಾರಾಯ, ಆದ್ರೆ ಮಳೆ ಬಿಡೋ ತನಕ ಅವನು ಫೋನ್ ಎತ್ತಲ್ಲ" ಎಂದು ಮೇಷ್ಟ್ರು ಕನ್ನಡಕ ಹುಡುಕಲು ಒಳಗೆ ಹೋದರು.