ಗುಜರಿ ಮೀಮಾಂಸೆ: ಕಾಟನ್‌ಪೇಟೆಯ ಆದಿಗ್ರಾಹಕರ ಶಾಸ್ತ್ರೀಯ ಅಧ್ಯಯನ

ಪೀಠಿಕೆ

ಶಾಸನ, ಛಂದಸ್ಸು, ಪಾಠಾಂತರ, ಕವಿಯ ಕಾಲ-ದೇಶ ಮುಂತಾದ ವಿಷಯಗಳಿಗೆ ಕನ್ನಡದ ವಿದ್ವಾಂಸರು ಸಾಕಷ್ಟು ಮಸಿ ಖರ್ಚು ಮಾಡಿದ್ದಾರೆ. ಆದರೆ ಅಟ್ಟದ ಮೇಲೆ ಒಂದರ ಮೇಲೊಂದು ಪೇರಿಸಿಟ್ಟ ಮೊಬೈಲ್ ಡಬ್ಬಿಗಳ ಬಗ್ಗೆ ಯಾರೂ ಒಂದು ಅಡಿಟಿಪ್ಪಣಿಯನ್ನಾದರೂ ಬರೆದಂತಿಲ್ಲ. ಒಳಗಿದ್ದ ಫೋನು ಕೈಬಿಟ್ಟು ಎಷ್ಟೋ ವರ್ಷವಾದರೂ ಡಬ್ಬಿಯನ್ನು ಕಾಪಾಡಿಕೊಂಡು ಬರುವ ಜನಾಂಗದ ಸಂಸ್ಕೃತಿ ಅಧ್ಯಯನಯೋಗ್ಯವೆಂಬುದರಲ್ಲಿ ಸಂದೇಹವಿಲ್ಲ. ಈ ಕೊರತೆಯನ್ನು ನೀಗುವುದೇ ಪ್ರಸ್ತುತ ಪ್ರಬಂಧದ ಉದ್ದೇಶ.

ಮೊದಲು ಪರಿಭಾಷೆ. ಹೊಸ ಯಂತ್ರವೊಂದು ಪೇಟೆಗೆ ಬಂದ ಕೂಡಲೇ, ಅದರಿಂದ ಏನು ಪ್ರಯೋಜನವೆಂದು ತಿಳಿಯುವ ಮೊದಲೇ ಕೊಳ್ಳುವವನು ಆದಿಗ್ರಾಹಕ. ಪ್ರಯೋಜನ ತಿಳಿಯುವ ಹೊತ್ತಿಗೆ ಆ ಯಂತ್ರ ತಲುಪುವ ಅವಸ್ಥೆಗೆ ಗುಜರಿ ಎಂದು ಹೆಸರು. ಇವೆರಡರ ನಡುವಿನ ಕಾಲವನ್ನು ಶಾಸ್ತ್ರಕಾರರು ಇಎಂಐ ಎನ್ನುತ್ತಾರೆ.

ಕ್ಷೇತ್ರ ಮತ್ತು ವಿಧಾನ

ಬೆಂಗಳೂರಿನ ಕಾಟನ್‌ಪೇಟೆಯನ್ನೇ ಏಕೆ ಆರಿಸಿಕೊಂಡಿರಿ ಎಂದು ಮಾರ್ಗದರ್ಶಕರು ಕೇಳುವುದು ವಾಡಿಕೆ. ಕಾರಣ ಸರಳ. ಒಂದು ಕಡೆ ಮೆಜೆಸ್ಟಿಕ್ಕಿನ ನ್ಯಾಷನಲ್ ಮಾರ್ಕೆಟ್, ಇನ್ನೊಂದು ಕಡೆ ಸಿಟಿ ಮಾರ್ಕೆಟ್ಟು, ಪಕ್ಕದಲ್ಲಿ ಜಾಲಿ ಮೊಹಲ್ಲಾದ ಗುಜರಿ ಅಂಗಡಿಗಳು, ಸ್ವಲ್ಪ ಆಚೆಗೆ ಎಸ್.ಪಿ. ರೋಡೆಂದು ಕರೆಯಿಸಿಕೊಳ್ಳುವ ಸದರ್ ಪತ್ರಪ್ಪ ರಸ್ತೆ. ಯಂತ್ರವೊಂದರ ಜನನ, ಶುಶ್ರೂಷೆ, ಅಂತ್ಯಕ್ರಿಯೆಗಳೆಲ್ಲ ಆಟೋ ಹತ್ತದೆ ಮುಗಿಸಬಹುದಾದ ಇಂಥ ಪುಣ್ಯಕ್ಷೇತ್ರ ಬೇರೊಂದಿಲ್ಲ.

ಸಮೀಕ್ಷೆಗೆ ಆರಿಸಿಕೊಂಡ ದಿನ ಚೈತ್ರ ಹುಣ್ಣಿಮೆ. ಅಂದು ರಾತ್ರಿ ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಸ್ಥಾನದಿಂದ ಹೊರಟ ಕರಗ, ಬೆಳಗಾಗುವುದರೊಳಗೆ ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಬಂದು ಹೋಗುತ್ತದೆ. ಮಲ್ಲಿಗೆಯ ಘಮ ಹತ್ತಿರವಾಗುತ್ತಿದ್ದಂತೆ ಜನರ ಕೈಗಳು ಮೇಲೇಳುತ್ತವೆ. ಹಿಂದೆ ಅವು ಮುಗಿಯಲೆಂದು ಏಳುತ್ತಿದ್ದವು. ಈಗ ಪ್ರತಿ ಕೈಯಲ್ಲೂ ಒಂದು ಪರದೆ. ದರ್ಗಾದ ಎದುರಿನ ಮೆಟ್ಟಿಲ ಮೇಲೆ ನಿಂತ ಸಂಶೋಧಕನಿಗೆ ಪೇಟೆಯ ಅಷ್ಟೂ ಮಾಡೆಲ್ಲುಗಳು ಒಂದೇ ನೋಟಕ್ಕೆ ಸಿಗುತ್ತವೆ. ಇಷ್ಟು ಅಗ್ಗದ ಜನಗಣತಿ ಸರ್ಕಾರಕ್ಕೂ ಸಾಧ್ಯವಾಗಿಲ್ಲ. ಕರಗವನ್ನು ಬರಿಗಣ್ಣಿನಿಂದ ನೋಡುವವರೂ ಅಲ್ಲಲ್ಲಿ ಕಂಡುಬರುತ್ತಾರೆ. ಅವರನ್ನು ವಿಚಾರಿಸಲಾಗಿ, ಚಾರ್ಜು ಮುಗಿದಿದೆ ಎಂಬ ಉತ್ತರ ದೊರೆಯಿತು.

ಯುಗವಿಭಾಗ

ಪಂಪಯುಗ, ಬಸವಯುಗ, ಕುಮಾರವ್ಯಾಸಯುಗ ಎಂದು ಸಾಹಿತ್ಯಚರಿತ್ರೆಯನ್ನು ವಿಭಾಗಿಸುವ ಪರಿಪಾಠವನ್ನೇ ಇಲ್ಲಿಯೂ ಅನುಸರಿಸಲಾಗಿದೆ.

ಮೊದಲನೆಯದು ಬೀದಿದೀಪಯುಗ. 1902ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಮಾರುಕಟ್ಟೆಯ ಬಳಿ ಬೀದಿದೀಪ ಹತ್ತಿದ್ದು 1905ರ ಆಗಸ್ಟ್ 5ರಂದು. ಹೀಗೆ ಊರಿಗೆ ಊರೇ ಆದಿಗ್ರಾಹಕನಾಗಿತ್ತು. ಈ ಯುಗದ ಪ್ರಧಾನ ಲಕ್ಷಣವೆಂದರೆ, ಹೊಸ ಯಂತ್ರದ ಬೆಳಕು ಕೊಂಡವನ ಮೇಲೂ ಬಿತ್ತು, ಕೊಳ್ಳದವನ ಮೇಲೂ ಬಿತ್ತು.

ಎರಡನೆಯದು ಬಾನುಲಿಯುಗ. 1935ರಲ್ಲಿ ಮೈಸೂರಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಪುಟ್ಟ ಪ್ರೇಷಕವನ್ನಿಟ್ಟು ಬಾನುಲಿ ಕೇಂದ್ರ ನಡೆಸಿದರು. ಅದರ ಹೆಸರು ಆಕಾಶವಾಣಿ. ಇವರನ್ನು ಆದಿಗ್ರಾಹಕರೆನ್ನಬಹುದೇ ಎಂಬುದು ವಿವಾದಾಸ್ಪದ. ಯಂತ್ರವನ್ನು ತಂದು ಸುಮ್ಮನಿರದೆ ಊರಿಗೆಲ್ಲ ಕೇಳಿಸಿದರು. ಇದು ಇಂದಿನ ಲಕ್ಷಣಕ್ಕೆ ಹೊಂದುವುದಿಲ್ಲ. ಆಮೇಲೆ ರೇಡಿಯೋ ಇಟ್ಟುಕೊಂಡವರು ಅಂಚೆ ಕಚೇರಿಯಲ್ಲಿ ಲೈಸೆನ್ಸಿಗೆ ದುಡ್ಡು ಕಟ್ಟಬೇಕಿತ್ತು. ಕಟ್ಟಿದವನೊಬ್ಬ, ಕೇಳಿಸಿಕೊಂಡದ್ದು ಇಡೀ ವಠಾರ.

ಮೂರನೆಯದು ಕಿಟಕಿಯುಗ. 1981ರಲ್ಲಿ ಬೆಂಗಳೂರಿಗೆ ದೂರದರ್ಶನ ಬಂತು. ಮರುವರ್ಷದ ಏಷ್ಯನ್ ಕ್ರೀಡಾಕೂಟ ಬಣ್ಣ ತಂದಿತು. ಬೀದಿಗೊಂದು ಟೀವಿ, ಟೀವಿಗೊಂದು ಕಿಟಕಿ, ಕಿಟಕಿಗೆ ಇಪ್ಪತ್ತು ತಲೆ. ಒಳಗೆ ಚಾಪೆಯ ಮೇಲೆ ಕೂತವರು ನೆಂಟರು, ಹೊರಗೆ ಸರಳು ಹಿಡಿದು ನಿಂತವರು ನೆರೆಯವರು ಎಂಬ ಸೂಕ್ಷ್ಮಭೇದವನ್ನು ಬಿಟ್ಟರೆ ಈ ಯುಗದಲ್ಲೂ ಹಂಚಿಕೆಯೇ ಪ್ರಧಾನ.

ನಾಲ್ಕನೆಯದು, ಈಗ ನಡೆಯುತ್ತಿರುವ ಅಂಗೈಯುಗ. 1995ರಲ್ಲಿ ಭಾರತಕ್ಕೆ ಮೊಬೈಲ್ ಬಂದಾಗ, ಬೇರೆಯವರು ನಮಗೆ ಕರೆ ಮಾಡಿದರೂ ದುಡ್ಡು ನಾವೇ ತೆರಬೇಕಿತ್ತು. ಆಗಿನ ಆದಿಗ್ರಾಹಕ ಫೋನು ರಿಂಗಾದರೆ ಎತ್ತುತ್ತಿರಲಿಲ್ಲ. ನಂಬರು ನೋಡಿ, ಕತ್ತರಿಸಿ, ಕಾಯಿನ್ ಬೂತಿಗೆ ಹೋಗಿ ಒಂದು ರೂಪಾಯಿ ಹಾಕುತ್ತಿದ್ದ. ಅಂದರೆ ಮೊಬೈಲನ್ನು ಅವನು ಕೊಂಡದ್ದು ಮಾತಾಡಲಿಕ್ಕಲ್ಲ, ಮೆರೆಯಲಿಕ್ಕೆ ಎಂಬುದಕ್ಕೆ ಇದಕ್ಕಿಂತ ಪ್ರಬಲವಾದ ಅಂತಃಸಾಕ್ಷ್ಯ ಬೇಕಿಲ್ಲ. 2003ರಲ್ಲಿ ಒಳಬರುವ ಕರೆ ಪುಕ್ಕಟೆಯಾಯಿತು. ಅಂದಿನಿಂದ ಎಲ್ಲರ ಕೈಗೂ ಮೊಬೈಲು ಬಂತು, ಆದಿಗ್ರಾಹಕನಿಗೆ ನೆಮ್ಮದಿ ಹೋಯಿತು.

ವರ್ಗೀಕರಣ

ಅಮೆರಿಕದ ಎವರೆಟ್ ರೋಜರ್ಸ್ ಎಂಬ ವಿದ್ವಾಂಸರು 1962ರ ತಮ್ಮ ಗ್ರಂಥದಲ್ಲಿ, ಹೊಸತನ್ನು ಸ್ವೀಕರಿಸುವವರನ್ನು ಐದು ವರ್ಗ ಮಾಡಿದ್ದಾರೆ: ಶೇಕಡಾ 2.5, 13.5, 34, 34, 16. ಇವರು ಕಾಟನ್‌ಪೇಟೆಗೆ ಬಂದಂತೆ ತೋರುವುದಿಲ್ಲವಾದರೂ ಲೆಕ್ಕ ಮಾತ್ರ ಇಲ್ಲಿಗೆ ಸರಿಯಾಗಿ ಕೂಡುತ್ತದೆ. ಮೊದಲ ಎರಡೂವರೆಯವರು, ಡಬ್ಬಿ ಬಿಚ್ಚುವುದನ್ನು ಇನ್ನೊಂದು ಫೋನಿನಲ್ಲಿ ಚಿತ್ರೀಕರಿಸುವವರು. ಮುಂದಿನ ಹದಿಮೂರೂವರೆಯವರು ಆ ಚಿತ್ರೀಕರಣ ನೋಡಿದ ದಾಯಾದಿಗಳು. ನಂತರದ ಮೂವತ್ತನಾಲ್ಕು “ಎಲ್ರೂ ತಗೊಂಡ್ರಲ್ಲ” ಎನ್ನುವವರು. ಆಮೇಲಿನ ಮೂವತ್ತನಾಲ್ಕು, ಬ್ಯಾಂಕಿನ ಆ್ಯಪು ಹಳೇ ಫೋನಿನಲ್ಲಿ ಓಡುವುದಿಲ್ಲವೆಂದು ಅಂಗಡಿಗೆ ಎಳೆದುಕೊಂಡು ಹೋಗಲ್ಪಟ್ಟವರು. ಉಳಿದ ಹದಿನಾರು, ಗುಂಡಿ ಒತ್ತುವ ಫೋನಿಗೆ ರಬ್ಬರ್ ಬ್ಯಾಂಡ್ ಸುತ್ತಿಕೊಂಡು, ಚಾರ್ಜರ್ ಎಂಬ ಪದವನ್ನು ವಾರಕ್ಕೊಮ್ಮೆ ಮಾತ್ರ ಉಚ್ಚರಿಸುವ ಮಹಾನುಭಾವರು.

ಆದರೆ ರೋಜರ್ಸರು ಒಂದು ವರ್ಗವನ್ನು ಪೂರ್ತಿಯಾಗಿ ಬಿಟ್ಟಿದ್ದಾರೆ. ಅದು ಅಮ್ಮಂದಿರ ವರ್ಗ. ಇವರು ಜನ್ಮದಲ್ಲಿ ಒಂದು ಫೋನನ್ನೂ ಕೊಂಡವರಲ್ಲ. ಆದರೂ ಮನೆಗೆ ಬಂದ ಪ್ರತಿಯೊಂದು ಮಾಡೆಲನ್ನೂ, ಅದರ ಗಾಜು ಒಡೆದ ಮೇಲೆ, ಬಳಸಿದವರು. ಈ ಹಸ್ತಾಂತರ ವಿಧಿಯ ಮಂತ್ರಭಾಗ ಪೇಟೆಯ ಎಲ್ಲ ಮನೆಗಳಲ್ಲೂ ಹೆಚ್ಚುಕಡಿಮೆ ಒಂದೇ ಪಾಠವಾಗಿದೆ.

“ಅಮ್ಮಾ, ಇದು ಚೆನ್ನಾಗೇ ಇದೆ. ಸ್ವಲ್ಪ ಸ್ಲೋ ಅಷ್ಟೆ.”

“ನಾನೂ ಹಂಗೇ ಅಲ್ವೇನೋ. ಕೊಡಿಲ್ಲಿ.”

ಸಂಸ್ಕಾರಗಳು

ಯಂತ್ರಕ್ಕೆ ವಿಧಿಸಿದ ಸಂಸ್ಕಾರಗಳಲ್ಲಿ ಮೊದಲನೆಯದು ಗಾಜಿನ ಮೇಲೆ ಗಾಜು ಅಂಟಿಸುವುದು. ಎರಡನೆಯದು ಅಂಗಿ ತೊಡಿಸುವುದು. ಬಣ್ಣಕ್ಕೆಂದೇ ಹೆಚ್ಚು ಹಣ ಕೊಟ್ಟು ತಂದ ಫೋನಿಗೆ ಬಣ್ಣ ಕಾಣದಂಥ ಕವರು ಹಾಕಬೇಕೆಂಬುದು ಸಂಪ್ರದಾಯ. ಮೂರನೆಯದು ಆಯುಧಪೂಜೆ. ಮಿಕ್ಸಿ, ಸ್ಕೂಟರು, ಲ್ಯಾಪ್‌ಟಾಪು, ಫೋನು ಎಲ್ಲವನ್ನೂ ಸಾಲಾಗಿ ಇಟ್ಟು ಅರಿಶಿನ ಕುಂಕುಮ ಹಚ್ಚಲಾಗುತ್ತದೆ. ಕುಂಕುಮ ಚಾರ್ಜಿಂಗ್ ರಂಧ್ರಕ್ಕೆ ಇಳಿದು ಯಂತ್ರ ಸದ್ಗತಿ ಪಡೆದ ಪ್ರಕರಣಗಳೂ ಉಂಟು. ಅದಕ್ಕೆ ವಾರಂಟಿ ಅನ್ವಯಿಸುವುದಿಲ್ಲ ಎಂಬುದು ಎಲ್ಲ ಸ್ಮೃತಿಕಾರರ ಒಮ್ಮತ.

ಪೂರ್ವಪಕ್ಷ

ಇಲ್ಲಿ ಆಕ್ಷೇಪಕರು ಏಳುತ್ತಾರೆ: “ಮೊದಲು ಕೊಳ್ಳುವವರಿಲ್ಲದಿದ್ದರೆ ಹೊಸ ಆವಿಷ್ಕಾರಗಳು ಬದುಕುವುದು ಹೇಗೆ? ಆದಿಗ್ರಾಹಕನೇ ವಿಜ್ಞಾನದ ಪೋಷಕನಲ್ಲವೇ?” ವಾದ ಬಲವಾಗಿದೆ. ಇದಕ್ಕೆ ಸಮಾಧಾನವಾಗಿ ಸಿಂಪ್ಯೂಟರ್ ಎಂಬ ನಮ್ಮೂರಿನ ಯಂತ್ರವನ್ನೇ ಸಾಕ್ಷಿಗೆ ಕರೆಯಬಹುದು.

ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿಜಯ್ ಚಂದ್ರು, ರಮೇಶ್ ಹರಿಹರನ್, ವಿ. ವಿನಯ್ ಮತ್ತು ಎನ್‌ಕೋರ್ ಸಾಫ್ಟ್‌ವೇರ್‌ನ ತಂತ್ರಜ್ಞರು ಸೇರಿ ರೂಪಿಸಿದ ಅಂಗೈಗಣಕ ಇದು. ನಮ್ಮ ಭಾಷೆಗಳು ಬಲ್ಲದು. ಸ್ಮಾರ್ಟ್ ಕಾರ್ಡು ಇದ್ದರೆ ಒಂದೇ ಯಂತ್ರವನ್ನು ಹಳ್ಳಿಯ ಹತ್ತಾರು ಜನ ಸರದಿಯಲ್ಲಿ ಬಳಸಬಹುದು. 2004ರಲ್ಲಿ ಜಾಲಹಳ್ಳಿಯ ಬಿಇಎಲ್ ತಯಾರಿಸಿದ ‘ಅಮಿಡಾ’ ಎಂಬ ಮಾದರಿ, ಕೈ ಓರೆ ಮಾಡಿದರೆ ಅದನ್ನು ಗ್ರಹಿಸುತ್ತಿತ್ತು. ಐಫೋನು ಬಂದದ್ದು 2007ರಲ್ಲಿ. ಮೂರು ವರ್ಷ ಮುಂಚೆ, ಸುಮಾರು ಹತ್ತು ಸಾವಿರ ರೂಪಾಯಿಗೆ, ಜಾಲಹಳ್ಳಿಯ ಕಂಪನಿಯ ಹೆಸರಿನಲ್ಲಿ ಬಂದ ಯಂತ್ರದ ಮುಂದೆ ಯಾವ ಆದಿಗ್ರಾಹಕನೂ ಹಿಂದಿನ ರಾತ್ರಿಯಿಂದ ಸರದಿ ನಿಲ್ಲಲಿಲ್ಲ. ಮಾರಾಟವಾದದ್ದು ಕೆಲವೇ ಸಾವಿರ.

ಕಾರಣವನ್ನು ಹೀಗೆ ಊಹಿಸಬಹುದು. ಹತ್ತು ಜನ ಹಂಚಿಕೊಳ್ಳಲೆಂದು ಮಾಡಿದ ವಸ್ತುವನ್ನು ಹತ್ತು ಜನರ ಎದುರು ಮೆರೆಸಲಾಗುವುದಿಲ್ಲ. ಪೋಷಕನ ಪೋಷಣೆ ವಿಜ್ಞಾನಕ್ಕಲ್ಲ, ಪಕ್ಕದ ಮನೆಯವನ ಹೊಟ್ಟೆಯುರಿಗೆ ಸಲ್ಲುತ್ತದೆ. ಆದ್ದರಿಂದ ಪೂರ್ವಪಕ್ಷ ಬಿದ್ದುಹೋಯಿತು.

ಅಲ್ಪಾಯುಷ್ಯ ಪ್ರಕರಣ

ಯಂತ್ರಗಳು ಬೇಗ ಸಾಯುವುದು ಕಲಿಯುಗದ ಪ್ರಭಾವವೆಂದು ಕೆಲವರ ಮತ. ದಾಖಲೆ ಬೇರೆಯೇ ಹೇಳುತ್ತದೆ. 1924ರಲ್ಲಿ ಜಿನೀವಾದಲ್ಲಿ ಜಗತ್ತಿನ ದೊಡ್ಡ ಬಲ್ಬು ಕಂಪನಿಗಳು ಸೇರಿ ಫೀಬಸ್ ಎಂಬ ಕೂಟ ಕಟ್ಟಿಕೊಂಡು, ಬಲ್ಬಿನ ಆಯುಸ್ಸು 1000 ಗಂಟೆ ಎಂದು ನಿಗದಿ ಮಾಡಿದವು. ಅದಕ್ಕಿಂತ ಹೆಚ್ಚು ಬಾಳುವ ಬಲ್ಬು ಮಾಡಿದವರಿಗೆ ದಂಡ. ಬ್ರಹ್ಮ ಹಣೆಯ ಮೇಲೆ ಬರೆಯುತ್ತಿದ್ದುದನ್ನು ಕಂಪನಿಗಳು ತಂತಿಯ ಮೇಲೆ ಬರೆದವು.

ಅರಳೆಪೇಟೆ ಎಂಬ ಹೆಸರಿದ್ದ ಕಾಲದಿಂದಲೂ ಈ ಪೇಟೆಯ ಧರ್ಮ ಇದಕ್ಕೆ ತದ್ವಿರುದ್ಧ. ಹತ್ತಿ ಹಾಸಿಗೆ ಗಂಟುಗಟ್ಟಿದರೆ ಹೊಲಿಗೆ ಬಿಚ್ಚಿ, ಅರಳೆಯನ್ನು ಹಿಂಜಿಸಿ, ಹೊಸ ಬಟ್ಟೆಗೆ ತುಂಬಿದರೆ ಅದೇ ಹಾಸಿಗೆ ಮಗಳ ಮದುವೆಗೂ ಆಗುತ್ತಿತ್ತು. ಫೋನಿಗೆ ಬಿಚ್ಚಲು ಹೊಲಿಗೆಯೇ ಇಲ್ಲ. ಬ್ಯಾಟರಿಯನ್ನು ಗೋಂದು ಹಾಕಿ ಒಳಗೇ ಕೂರಿಸಿದ್ದಾರೆ. ಸ್ಕ್ರೂ ಇದ್ದರೂ ಅದರ ತಲೆ ನಮ್ಮ ಮನೆಯ ಯಾವ ಸ್ಕ್ರೂಡ್ರೈವರ್‌ಗೂ ಬಾಗುವುದಿಲ್ಲ. ಎಸ್.ಪಿ. ರೋಡಿನ ರಿಪೇರಿಯವರು ಬಿಸಿಗಾಳಿ ಊದಿ ಇದನ್ನೂ ತೆರೆಯುತ್ತಾರೆ. ನೋಡಿ, ತಲೆಯಾಡಿಸಿ, “ಆಗುತ್ತೆ ಸಾರ್, ಆದ್ರೆ ಇನ್ನೊಂದು ಸ್ವಲ್ಪ ಹಾಕಿದ್ರೆ ಹೊಸದೇ ಬರುತ್ತೆ” ಎನ್ನುತ್ತಾರೆ. ಈ ಒಂದು ವಾಕ್ಯದಿಂದ ಅಟ್ಟ ಸೇರಿದ ಫೋನುಗಳು ನೀರಿಗೆ ಬಿದ್ದು ಸತ್ತವುಗಳಿಗಿಂತ ಹೆಚ್ಚಿರಬೇಕು.

ಅಟ್ಟದ ಭೂಗರ್ಭಶಾಸ್ತ್ರ

ಅಟ್ಟವನ್ನು ಪದರ ಪದರವಾಗಿ ಉತ್ಖನನ ಮಾಡಿದರೆ ಮೇಲಿನ ಪದರದಲ್ಲಿ ಒಂದು ಕಿವಿ ಕೇಳುವ ಇಯರ್‌ಬಡ್ಡು, ಅದರ ಕೆಳಗೆ ಪವರ್ ಬ್ಯಾಂಕು, ಅದರ ಕೆಳಗೆ ಸಣ್ಣ ಪಿನ್ನಿನ ಚಾರ್ಜರುಗಳ ಗಂಟು, ತಳದಲ್ಲಿ ಡಿವಿಡಿ ಪ್ಲೇಯರು ಮತ್ತು ಪೇಜರು ದೊರೆಯುತ್ತವೆ. ಯಾವುದನ್ನೂ ಎಸೆದಿಲ್ಲ. “ವರ್ಕಿಂಗ್ ಕಂಡೀಷನ್ನಲ್ಲೇ ಇದೆ” ಎಂಬುದು ಮನೆಯವರ ಸಾರ್ವತ್ರಿಕ ಹೇಳಿಕೆ.

ಈ ಸಂಚಯಕ್ಕೆ ಆರ್ಥಿಕ ಮಹತ್ವವೂ ಇದೆ. ಕೋಲಾರದ ಚಿನ್ನದ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು, ಕಡೆಗೆ ಅದಿರಿನಲ್ಲಿ ಚಿನ್ನ ಸಾಲದೆ, 2001ರ ಫೆಬ್ರವರಿ 28ರಂದು ಮುಚ್ಚಿತು. ಒಂದು ಟನ್ ಒಳ್ಳೆಯ ಅದಿರಿಗಿಂತ ಒಂದು ಟನ್ ಹಳೇ ಮೊಬೈಲಿನಲ್ಲಿ ಹತ್ತಾರು ಪಟ್ಟು ಹೆಚ್ಚು ಚಿನ್ನವಿರುತ್ತದೆ. ಹೀಗಾಗಿ ಗಣಿ ಮುಚ್ಚಲಿಲ್ಲ, ಸ್ಥಳಾಂತರವಾಯಿತು ಎಂಬುದು ನಮ್ಮ ನಿಲುವು. ಈಗ ಇಳಿಯಲು ಲಿಫ್ಟು ಬೇಡ, ಹತ್ತಲು ಸ್ಟೂಲು ಸಾಕು.

ಚಿನ್ನ ತೆಗೆಯುವ ಕೆಲಸ ಮಾತ್ರ ಅಟ್ಟದಲ್ಲಿ ನಡೆಯುವುದಿಲ್ಲ. ಗುಜರಿಯವರ ತಕ್ಕಡಿಯಿಂದ ಯಂತ್ರಗಳು ಜಾಲಿ ಮೊಹಲ್ಲಾ, ಗೋರಿಪಾಳ್ಯಗಳಂಥ ಕಡೆಯ ಸಣ್ಣ ಕೋಣೆಗಳಿಗೆ ಹೋಗುತ್ತವೆ. ಇಂಥ ಕಸುಬಿನಲ್ಲಿ ತಾಮ್ರಕ್ಕಾಗಿ ವೈರು ಸುಡುವುದು, ಬೋರ್ಡು ಕಾಯಿಸಿ ಚಿಪ್ಪು ಕೀಳುವುದು, ಆಸಿಡ್ಡಿನಲ್ಲಿ ಅದ್ದಿ ಚಿನ್ನ ಬಿಡಿಸುವುದು ರೂಢಿ. ಮೇಲೇಳುವ ಹೊಗೆಯಲ್ಲಿ ಬೆಸುಗೆಯ ಸೀಸವಿರುತ್ತದೆ. ಕೈಗೆ ಗವಸು ಇರುವುದಿಲ್ಲ. ಯಂತ್ರದ ಹೊಟ್ಟೆಯೊಳಗೆ ಏನಿದೆಯೆಂದು ಬಲ್ಲವರು ಇವರೇ. ಇವರೂ ರೋಜರ್ಸರ ಐದು ವರ್ಗಗಳಲ್ಲಿ ಸೇರಿಲ್ಲ.

ಕಾನೂನು ಇಲ್ಲವೆಂದಲ್ಲ. ಇ-ತ್ಯಾಜ್ಯದ ನಿಯಮಗಳು 2011ರಲ್ಲಿ ಪ್ರಕಟವಾಗಿ 2012ರ ಮೇ 1ರಿಂದ ಜಾರಿಗೆ ಬಂದವು. 2016ರಲ್ಲಿ ಹೊಸವು, 2022ರಲ್ಲಿ ಮತ್ತೂ ಹೊಸವು. ನಿಯಮಗಳಿಗೂ ಹೊಸ ಮಾಡೆಲ್ ಬರುತ್ತಿರುವುದು ಗಮನಾರ್ಹ. ತಯಾರಿಸಿ ಮಾರಿದ ಕಂಪನಿಯವರೇ ಹಳೆಯದನ್ನು ಮರುಬಳಕೆಗೆ ಸೇರಿಸುವ ಹೊಣೆ ಹೊರಬೇಕೆಂಬುದು ಇವುಗಳ ತಿರುಳು. ಅಧಿಕೃತವಾಗಿ ಬಿಡಿಸುವ ಇ-ಪರಿಸರದಂಥ ಘಟಕ ದಾಬಸ್‌ಪೇಟೆಯಲ್ಲಿ 2005ರಿಂದಲೇ ಇದೆ. ಆದರೆ ದಾಬಸ್‌ಪೇಟೆ ದೂರ; ಗುಜರಿ ಗಾಡಿ ಬಾಗಿಲಿಗೇ ಬರುತ್ತದೆ, ಕೈಗೆ ಕಾಸೂ ಕೊಡುತ್ತದೆ. ವಿಶ್ವಸಂಸ್ಥೆಯ ಲೆಕ್ಕದಂತೆ 2022ರಲ್ಲಿ ಜಗತ್ತು ಎಸೆದ ಇ-ತ್ಯಾಜ್ಯ 6.2 ಕೋಟಿ ಟನ್. ಕ್ರಮಬದ್ಧವಾಗಿ ಸಂಗ್ರಹಿಸಿ ಮರುಬಳಕೆಗೆ ಹೋದದ್ದು ಶೇಕಡಾ 22.3 ಮಾತ್ರ. ಕಾಟನ್‌ಪೇಟೆ ಜಗತ್ತಿಗಿಂತ ಹಿಂದುಳಿದಿಲ್ಲವೆಂದು ಇದರಿಂದ ಸಮಾಧಾನಪಡಬಹುದು.

ಸಿದ್ಧಾಂತ

ಮೇಲಿನ ಸಾಕ್ಷ್ಯಗಳಿಂದ ಸಿದ್ಧವಾಗುವುದು ಇಷ್ಟು. ಬೀದಿದೀಪಯುಗದಿಂದ ಕಿಟಕಿಯುಗದವರೆಗೆ ಹೊಸ ಯಂತ್ರದ ಸುಖ ಊರಿನದಾಗಿತ್ತು, ಅದರ ಖರ್ಚು ಕೊಂಡವನದಾಗಿತ್ತು. ಅಂಗೈಯುಗದಲ್ಲಿ ಸುಖ ಕೊಂಡವನದು, ಹೊಗೆ ಊರಿನದು. ಅದೂ ಊರಿನ ಎಲ್ಲರಿಗೂ ಸಮವಾಗಿ ಅಲ್ಲ. ಫೋನು ಬಿಡುಗಡೆಯಾದ ದಿನ ಸರದಿಯಲ್ಲಿ ನಿಲ್ಲದೇ ಇದ್ದವರಿಗೆ ಮೊದಲು. ಹಂಚಿಕೆಯ ಸಂಸ್ಕೃತಿ ನಶಿಸಿತೆಂದು ಕೊರಗುವವರು ಇದನ್ನು ಗಮನಿಸಬೇಕು. ಹಂಚುವುದನ್ನು ನಾವು ನಿಲ್ಲಿಸಿಲ್ಲ, ಹಂಚುವ ವಸ್ತುವನ್ನು ಬದಲಿಸಿದ್ದೇವೆ.

ಫಲಶ್ರುತಿ

ಈ ಪ್ರಬಂಧವನ್ನು ಆಯುಧಪೂಜೆಯಂದು ಶುಚಿರ್ಭೂತರಾಗಿ ಓದುವವರ ಬ್ಯಾಟರಿ ಸಂಜೆಯವರೆಗೆ ಬರುತ್ತದೆ. ಓದಿಸಿ ಕೇಳುವವರಿಗೆ ಹಳೇ ಫೋಟೋಗಳು ಅಳಿಸಿಹೋಗದೆ ಹೊಸ ಫೋನಿಗೆ ಬರುತ್ತವೆ. ಅಮ್ಮನಿಗೆ ಒಮ್ಮೆಯಾದರೂ ಹೊಸ ಫೋನು ಕೊಡಿಸಿ ತಾವು ಹಳೆಯದನ್ನು ಇಟ್ಟುಕೊಳ್ಳುವವರಿಗೆ ಏಳು ತಲೆಮಾರಿನವರೆಗೂ ನೆಟ್‌ವರ್ಕ್ ಸಿಗುತ್ತದೆ. ಬ್ಯಾಟರಿ ಬದಲಿಸಿ ಇನ್ನೆರಡು ವರ್ಷ ತಳ್ಳುವವರಿಗೆ, ಕಡೆಗೆ ಕೆಟ್ಟದ್ದನ್ನು ಅಧಿಕೃತ ಸಂಗ್ರಹ ಕೇಂದ್ರಕ್ಕೆ ತಲುಪಿಸುವವರಿಗೆ ಪುನರ್ಜನ್ಮವಿಲ್ಲ. ಅವರ ಯಂತ್ರಕ್ಕೆ ಇದೆ. ಓದಿಯೂ ನಾಳೆ ಬೆಳಗ್ಗೆ ಹೊಸ ಮಾಡೆಲ್ಲಿಗೆ ಮುಂಗಡ ಕಟ್ಟಲು ಹೊರಡುವವರಿಗೆ ಈ ಶಾಸ್ತ್ರ ಯಾವ ಶಾಪವನ್ನೂ ವಿಧಿಸುವುದಿಲ್ಲ. ಇಪ್ಪತ್ತನಾಲ್ಕು ಕಂತು ಸಾಕು.