ಹುರಿದುಂಬಿಸುವ ವಿದ್ಯೆ

(ರೆಸಾರ್ಟಿನಲ್ಲಿ ತರಬೇತಿ ಮುಗಿಸಿ ಬಂದ ಮ್ಯಾನೇಜರ್, ಎದುರಿಗೆ ಅಕೌಂಟ್ಸ್ ವಿಭಾಗದ ರಾಯರು.)

ಮ್ಯಾನೇಜರ್: ರಾಯರೇ, ನಿಮ್ಮನ್ನೆಲ್ಲ ಹುರಿದುಂಬಿಸೋದು ಹೇಗೆ ಅಂತ ಕಲಿತು ಬಂದಿದ್ದೀನಿ!

ರಾಯರು: ಸಂತೋಷ ಸಾರ್. ಏನು ಕಲಿಸಿದ್ರು?

ಮ್ಯಾನೇಜರ್: 20 ಸ್ಪಗೆಟಿ ಕಡ್ಡಿ, ಒಂದು ಗಜ ಟೇಪು, ಒಂದು ಗಜ ದಾರ. 18 ನಿಮಿಷದಲ್ಲಿ ಗೋಪುರ ಕಟ್ಟಿ, ತುದಿಗೆ ಮಾರ್ಷ್‌ಮ್ಯಾಲೋ ಕೂರಿಸಬೇಕು.

ರಾಯರು: ನಿಂತಿತೇ?

ಮ್ಯಾನೇಜರ್: ಯಾರು ಲೀಡರ್ ಅನ್ನೋ ಚರ್ಚೆಯಲ್ಲೇ ಟೈಮ್ ಮುಗೀತು. ಈ ಆಟದಲ್ಲಿ ಯುಕೆಜಿ ಮಕ್ಕಳು ಎಂಬಿಎಗಳನ್ನೇ ಸೋಲಿಸ್ತಾರಂತೆ.

ರಾಯರು: ಮಕ್ಕಳಿಗೆ ಪ್ರಮೋಷನ್ ಬೇಡವಲ್ಲ ಸಾರ್.

ಮ್ಯಾನೇಜರ್: ಮುಖ್ಯ ಪಾಠ ಬೇರೆ. ಹರ್ಜ್‌ಬರ್ಗ್ ಅನ್ನೋರು 1959ರಲ್ಲೇ ಹೇಳಿದ್ದಾರೆ: ಸಂಬಳ ಕಡಿಮೆಯಾದ್ರೆ ಅಸಮಾಧಾನ, ಹೆಚ್ಚಿಸಿದ ಮಾತ್ರಕ್ಕೆ ಹುಮ್ಮಸ್ಸು ಬರಲ್ಲ. ಅದು ಬರೋದು ಸಾಧನೆ, ಮನ್ನಣೆ, ಜವಾಬ್ದಾರಿಯಿಂದ.

ರಾಯರು: ಹಾಗಾದ್ರೆ ಈ ವರ್ಷ ಇನ್‌ಕ್ರಿಮೆಂಟು?

ಮ್ಯಾನೇಜರ್: ಬದಲಿಗೆ ಜವಾಬ್ದಾರಿ! ಕೆಲಸ ಬಿಟ್ಟುಹೋದ ಇಬ್ಬರ ಫೈಲೂ ನಿಮಗೇ.

ರಾಯರು: ಮನ್ನಣೆ?

ಮ್ಯಾನೇಜರ್: ವಾಟ್ಸಾಪ್ ಗ್ರೂಪಿನಲ್ಲಿ ಎಲ್ಲರೆದುರು ಹೆಬ್ಬೆರಳು.

ರಾಯರು: ತರಬೇತಿ ಕೊಟ್ಟವರಿಗೂ ಹೆಬ್ಬೆರಳೇ ತೋರಿಸಿದ್ರಾ ಸಾರ್?

ಮ್ಯಾನೇಜರ್: ಛೆ! ಪೂರ್ತಿ ಫೀಸು ಮುಂಗಡ ಎಣಿಸಿಕೊಂಡೇ ಅವರು ಮೈಕ್ ಹಿಡಿದದ್ದು.

ರಾಯರು: ಪಾಪ, ಹರ್ಜ್‌ಬರ್ಗ್ ಓದಿಲ್ಲ ಅನ್ಸುತ್ತೆ.