ಅಂಗಡಿ ನಮ್ಮದೇ, ಪೇಜು ನಮ್ಮದಲ್ಲ

ಈಗ ಊರಲ್ಲಿ ಒಂದು ದರ್ಶಿನಿ ಶುರುವಾಗಬೇಕೆಂದರೆ ಒಲೆ ಹಚ್ಚುವುದು ಕಟ್ಟಕಡೆಯ ಕೆಲಸ. ಮೊದಲು ಇನ್‌ಸ್ಟಾಗ್ರಾಂನಲ್ಲಿ ಪೇಜು ತೆರೆಯಬೇಕು. ಕಪ್ಪು ಪರದೆಯ ಮೇಲೆ ಹೊಗೆ ಏಳುತ್ತಾ ‘ಶೀಘ್ರದಲ್ಲೇ ನಿಮ್ಮ ಮುಂದೆ’ ಎಂಬ ಅಕ್ಷರ ಮೂಡುವ ವಿಡಿಯೊ ಬಿಡಬೇಕು. ಆಮೇಲೆ ಸರ್ಕಲ್ಲಿನ ಕಂಬಕ್ಕೆ ಫ್ಲೆಕ್ಸ್. ಫ್ಲೆಕ್ಸಿನ ಮುಂದೆ ಯಜಮಾನರು ಕೈಕಟ್ಟಿ ನಿಂತ ಫೋಟೊ. ಆ ಫೋಟೊ ವಾಟ್ಸ್‌ಆ್ಯಪ್ ಸ್ಟೇಟಸ್ಸಿಗೆ. ಗಣಹೋಮಕ್ಕೆ ಡ್ರೋನು. ಹಾಲು ಉಕ್ಕಿದ್ದು ಕ್ಯಾಮೆರಾಕ್ಕೆ ಸರಿಯಾಗಿ ಸಿಗಲಿಲ್ಲವೆಂದು ಎರಡನೇ ಸಲ ಉಕ್ಕಿಸಿ, ನಿಧಾನಗತಿಯಲ್ಲಿ ತೆಗೆದು, ಹಿನ್ನೆಲೆಗೆ ನಾದಸ್ವರ ಕೂರಿಸಬೇಕು. ಇಷ್ಟೆಲ್ಲ ಮುಗಿದ ಮೇಲೆ ಮನೆಯಲ್ಲಿ ಯಾರೋ ಒಬ್ಬರಿಗೆ ಅಡುಗೆಭಟ್ಟರೂ ಬೇಕಲ್ಲವೇ ಎಂಬುದು ನೆನಪಾಗುತ್ತದೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದವರನ್ನು ಹಿಂದೆ ಆಡಿಕೊಳ್ಳುತ್ತಿದ್ದೆವು. ಈಗ ಆ ಕುಲಾವಿಗೇ ಹತ್ತು ಸಾವಿರ ಫಾಲೋವರ್‌ಗಳು.

ಈ ವಿದ್ಯೆ ಕಲಿಸಿಕೊಡಲು ತಾಲ್ಲೂಕು ಕೇಂದ್ರಗಳಲ್ಲೂ ಈಗ ಹುಡುಗರು ಸಿಗುತ್ತಾರೆ. ಬೆನ್ನಿಗೆ ಲ್ಯಾಪ್‌ಟಾಪ್ ಬ್ಯಾಗು, ಬಾಯಲ್ಲಿ ‘ರೀಚ್’, ‘ಎಂಗೇಜ್‌ಮೆಂಟ್’, ಕೈಯಲ್ಲಿ ಸಿಲ್ವರ್, ಗೋಲ್ಡ್, ಪ್ಲಾಟಿನಂ ಎಂದು ಮೂರು ಪ್ಯಾಕೇಜು. ಜವಳಿ ಅಂಗಡಿಯ ಒಳಕೋಣೆಯಲ್ಲಿ ಸೀರೆ ಬಂಡಲುಗಳ ನಡುವೆ ಕೂತು ಯಜಮಾನರಿಗೆ ಪಾಠ ನಡೆಯುತ್ತದೆ: ‘ಆಫ್‌ಲೈನ್‌ನಲ್ಲಿ ನೋಡಿದವನನ್ನ ಆನ್‌ಲೈನಿಗೆ ತರಬೇಕು ಅಂಕಲ್. ಆನ್‌ಲೈನ್‌ನಲ್ಲಿ ನೋಡಿದವನನ್ನ ಅಂಗಡಿಗೆ ತರಬೇಕು. ಎರಡೂ ಸೇರಿದ್ರೇನೇ ಬಿಸಿನೆಸ್ಸು.’

ಯಜಮಾನರು ತಲೆಯಾಡಿಸುತ್ತಾರೆ. ಪಾಪ, ಮೂವತ್ತು ವರ್ಷದಿಂದ ಅವರು ಮಾಡಿಕೊಂಡು ಬಂದದ್ದೂ ಹೆಚ್ಚುಕಮ್ಮಿ ಅದನ್ನೇ. ಬಾಡಿಗೆ ಆಟೊಕ್ಕೆ ಮೈಕು ಕಟ್ಟಿಸಿ ಹಳ್ಳಿ ಹಳ್ಳಿ ಸುತ್ತಿಸಿದ್ದರು. ಪೇಪರ್ ಹಾಕುವ ಹುಡುಗನ ಕೈಗೆ ಕರಪತ್ರದ ಕಟ್ಟು ತುರುಕಿದ್ದರು. ಮದುವೆ ಜವಳಿ ತೆಗೆದವರಿಗೆ ಕ್ಯಾಲೆಂಡರು, ಅಂಗಡಿಯ ಹೆಸರು ಅಚ್ಚಾದ ಕೈಚೀಲ ಕೊಟ್ಟಿದ್ದರು. ವ್ಯತ್ಯಾಸ ಇಷ್ಟೆ: ಮೈಕಿನಲ್ಲಿ ಏನು ಕೂಗಿದ್ದೇವೆ ಎಂಬುದು ಆಗ ಗಲ್ಲಾದಲ್ಲಿ ಕೂತವರಿಗೆ ಗೊತ್ತಿರುತ್ತಿತ್ತು. ಈಗ ಕೂಗುವವರು ಒಂದೂರಲ್ಲಿ, ಗಲ್ಲಾ ಇನ್ನೊಂದೂರಲ್ಲಿ.

ಅಂಥದೊಂದು ಅಂಗಡಿಯಲ್ಲಿ ಆಷಾಢದ ಸೇಲ್ ನಡೆಯುವಾಗ ಕಿವಿಗೆ ಬಿದ್ದ ಮಾತುಕತೆ ಇದು. ಮಧ್ಯವಯಸ್ಸಿನ ಹೆಂಗಸೊಬ್ಬರು ಕೌಂಟರಿನ ಹುಡುಗನ ಮುಂದೆ ಮೊಬೈಲ್ ಹಿಡಿದಿದ್ದರು.

‘ಏನಪ್ಪಾ, ಎರಡು ಸೀರೆ ತಗೊಂಡ್ರೆ ಒಂದು ಫ್ರೀ ಅಂತ ರೀಲ್ಸಲ್ಲಿ ಬಂದಿತ್ತಲ್ಲ?’

‘ಅದು ಆನ್‌ಲೈನ್‌ನೋರ ಆಫರ್ ಅಕ್ಕ.’

‘ಆನ್‌ಲೈನ್‌ನೋರು ಅಂದ್ರೆ ಯಾರು?’

‘ಅವರು ಬೆಂಗಳೂರಲ್ಲಿರ್ತಾರೆ ಅಕ್ಕ.’

‘ಇಲ್ಲಿ ನೋಡು, ಇದು ನಿಮ್ಮದೇ ಅಂಗಡಿ ತಾನೆ? ಹಿಂದೆ ನಿಂತಿರೋನು ನೀನೇ ಅಲ್ವಾ?’

ಹುಡುಗ ಬಗ್ಗಿ ನೋಡಿ, ತನ್ನನ್ನು ತಾನೇ ಗುರುತಿಸಿ, ಒಂದು ಕ್ಷಣ ಖುಷಿಪಟ್ಟ. ಆಮೇಲೆ ಹೇಳಿದ: ‘ಅಂಗಡಿ ನಮ್ಮದೇ ಅಕ್ಕ. ಪೇಜು ನಮ್ಮದಲ್ಲ.’

ಇಡೀ ವ್ಯವಸ್ಥೆಯ ಗುಟ್ಟನ್ನು ಅವನು ನಾಲ್ಕು ಮಾತಿನಲ್ಲಿ ಬಿಚ್ಚಿಟ್ಟಿದ್ದ. ಬೋರ್ಡು ನೋಡಿದರೆ ‘ವಿವರಗಳಿಗೆ ನಮ್ಮ ಪೇಜ್ ನೋಡಿ’. ಪೇಜು ನೋಡಿದರೆ ‘ವಿವರಗಳಿಗೆ ಅಂಗಡಿಗೆ ಬನ್ನಿ’. ಅಂಗಡಿಗೆ ಬಂದರೆ ‘ನಂಬರ್ ಇದೆ, ಮೆಸೇಜ್ ಹಾಕಿ’. ಮೆಸೇಜ್ ಹಾಕಿದರೆ ‘ನಮ್ಮನ್ನು ಸಂಪರ್ಕಿಸಿದ್ದಕ್ಕೆ ಧನ್ಯವಾದ’ ಎಂದು ಯಂತ್ರವೊಂದು ಉತ್ತರಿಸಿ ಕಣ್ಣು ಮುಚ್ಚುತ್ತದೆ. ಪಹಣಿ ತಿದ್ದುಪಡಿಗೆ ತಾಲ್ಲೂಕು ಕಚೇರಿಗೆ ಹೋದವನನ್ನು ಈ ಟೇಬಲ್ಲಿನಿಂದ ಆ ಟೇಬಲ್ಲಿಗೆ ಅಟ್ಟಿದ ಹಾಗೆ. ಅಲ್ಲಿಯಾದರೆ ಕೊನೆಗೆ ಚಹಾದ ಖರ್ಚಿಗೆ ಕೊಟ್ಟು ಕೆಲಸ ಮಾಡಿಸಿಕೊಳ್ಳಬಹುದು. ಇಲ್ಲಿ ಅದನ್ನು ಯಾರಿಗೆ ಕೊಡಬೇಕೆಂಬುದೂ ತಿಳಿಯುವುದಿಲ್ಲ.

ಬೋರ್ಡಿನ ಮಾತು ಬಂತು. ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಲೇಬೇಕೆಂದು 2024ರಲ್ಲಿ ಕಾಯ್ದೆಗೆ ತಿದ್ದುಪಡಿಯಾಯಿತು. ಒಳ್ಳೆಯದೇ ಆಯಿತು. ಉಳಿದ ಶೇ 40ರಲ್ಲಿ ಈಗ ಇನ್‌ಸ್ಟಾಗ್ರಾಂ ವಿಳಾಸ, ಫೇಸ್‌ಬುಕ್ಕಿನ ಚಿಹ್ನೆ, ವಾಟ್ಸ್‌ಆ್ಯಪ್ ನಂಬರು ಮತ್ತು ಊಟದ ತಟ್ಟೆಯಷ್ಟು ದೊಡ್ಡ ಕ್ಯುಆರ್ ಕೋಡು. ಒಳಗೆ ಮಾರುವುದು ಚಪ್ಪಲಿಯೋ ಚಕ್ಕುಲಿಯೋ ಎಂದು ತಿಳಿಯಬೇಕಾದರೆ ಸ್ಕ್ಯಾನ್ ಮಾಡಬೇಕು. ಈ ಕ್ಯುಆರ್ ಕೋಡನ್ನು ಜಪಾನಿನ ಡೆನ್ಸೊ ವೇವ್ ಕಂಪನಿಯವರು 1994ರಲ್ಲಿ ರೂಪಿಸಿದ್ದು ಕಾರಿನ ಬಿಡಿಭಾಗ ಎಲ್ಲಿದೆ ಎಂದು ಪತ್ತೆ ಇಡುವುದಕ್ಕೆ. ನಮ್ಮಲ್ಲಿ ಬಿಡಿಭಾಗದ ಜಾಗಕ್ಕೆ ಗಿರಾಕಿ ಬಂದಿದ್ದಾನೆ.

ಪತ್ತೆ ಇಡುವ ಕೆಲಸ ಶುರುವಾಗುವುದು ಬಿಲ್ಲಿಂಗ್ ಕೌಂಟರಿನಲ್ಲಿ. ಎರಡು ಜೊತೆ ಕಾಲುಚೀಲಕ್ಕೆ ನಂಬರು ಕೇಳುತ್ತಾರೆ. ಗ್ರಾಹಕರ ಮೊಬೈಲ್ ನಂಬರಿಗಾಗಿ ಒತ್ತಾಯಿಸಬೇಡಿ ಎಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಲ್ಲೇ ವ್ಯಾಪಾರಿಗಳಿಗೆ ತಿಳಿಹೇಳಿತ್ತು. ‘ನಂಬರ್ ಇಲ್ಲದಿದ್ದರೆ ಸಿಸ್ಟಮ್ ತಗೊಳ್ಳಲ್ಲ ಸಾರ್’ ಎನ್ನುತ್ತಾಳೆ ಕೌಂಟರಿನ ಹುಡುಗಿ. ಸಿಸ್ಟಮ್ಮಿಗೆ ಇಲಾಖೆಯ ಸುತ್ತೋಲೆ ಓದಲು ಬರುವುದಿಲ್ಲ, ಅವಳಿಗೆ ಸಂಜೆಯೊಳಗೆ ಇಷ್ಟು ನಂಬರು ಕೂಡಿಸಲೇಬೇಕೆಂಬ ಕಟ್ಟಪ್ಪಣೆ. ಅಲ್ಲಿಂದಾಚೆಗೆ ಯುಗಾದಿಗೆ, ವರಮಹಾಲಕ್ಷ್ಮಿಗೆ, ದಸರೆಗೆ ಆ ಅಂಗಡಿ ನಿಮ್ಮನ್ನು ಮರೆಯುವುದಿಲ್ಲ. ಬೆಳಗ್ಗೆ ಆರಕ್ಕೆ ಹುಟ್ಟುಹಬ್ಬದ ಮೊದಲ ಶುಭಾಶಯ ಬರುವುದು ಒಳಉಡುಪಿನ ಮಳಿಗೆಯಿಂದ. ಹೆಂಡತಿಯದು ಕಾಫಿಯ ಜೊತೆಗೆ ಬಂದರೆ ಪುಣ್ಯ.

ಇನ್ನು ಸ್ಟಾರುಗಳ ವ್ಯವಹಾರ. ‘ಫೈವ್ ಸ್ಟಾರ್ ಕೊಟ್ಟು ತೋರಿಸಿ, ಬಾದಾಮಿ ಹಾಲು ಫ್ರೀ’ ಎಂದು ಟೇಬಲ್ಲಿನ ಮೇಲೆ ಚೀಟಿ ಅಂಟಿಸಿರುತ್ತಾರೆ. ಊಟ ಇನ್ನೂ ಬಂದಿರುವುದಿಲ್ಲ, ‘ರುಚಿ ಅಮೋಘ, ಸೇವೆ ಚುರುಕು’ ಎಂದು ಬರೆದಾಗಿರುತ್ತದೆ. ಇಂಥ ವಿಮರ್ಶೆಗಳನ್ನು ಹದ್ದುಬಸ್ತಿನಲ್ಲಿಡಲು ಭಾರತೀಯ ಮಾನಕ ಬ್ಯೂರೊ 2022ರಲ್ಲಿ ಐಎಸ್ 19000 ಎಂಬ ಮಾನದಂಡವನ್ನೇ ಹೊರಡಿಸಿತು. ದುಡ್ಡು, ಉಡುಗೊರೆ ಪಡೆದು ಹೊಗಳುವವರು ಅದನ್ನು ಬಾಯಿಬಿಟ್ಟು ಹೇಳಬೇಕೆಂದು 2023ರ ಜನವರಿಯಲ್ಲಿ ಕೇಂದ್ರ ಇನ್ನೊಂದು ಕೈಪಿಡಿ ಕೊಟ್ಟಿತು. ನಮ್ಮ ಫುಡ್ ವ್ಲಾಗರ್ ಹುಡುಗರು ಅದನ್ನು ಚಾಚೂ ತಪ್ಪದೆ ಪಾಲಿಸುತ್ತಾರೆ: ತುತ್ತು ಬಾಯಿಗಿಡುವ ಮೊದಲೇ ಕಣ್ಣು ಮುಚ್ಚಿ ‘ವಾವ್’ ಎನ್ನುತ್ತಾರೆ. ಅದಕ್ಕಿಂತ ಸ್ಪಷ್ಟವಾಗಿ ಯಾರೂ ಹೇಳಲಾರರು.

ಈ ಸಂಗಮದಲ್ಲಿ ನಿಜವಾಗಿ ಉದ್ಧಾರವಾದದ್ದು ಫ್ಲೆಕ್ಸು. ಸಾರ್ವಜನಿಕ ಜಾಗಗಳ ಅಂದಗೆಡಿಸುವುದನ್ನು ತಡೆಯುವ ಕಾಯ್ದೆ ನಮ್ಮಲ್ಲಿ 1981ರಿಂದ ಇದೆ. 2016ರಲ್ಲಿ ಪ್ಲಾಸ್ಟಿಕ್ ಫ್ಲೆಕ್ಸನ್ನೇ ರಾಜ್ಯ ಸರ್ಕಾರ ನಿಷೇಧಿಸಿತು. 2018ರ ಆಗಸ್ಟಿನಲ್ಲಿ ಹೈಕೋರ್ಟು ಗದರಿದಾಗ ಬೆಂಗಳೂರಿನ ಪಾಲಿಕೆ ನಿದ್ದೆಯಿಂದೆದ್ದು ಸಾವಿರಾರು ಫ್ಲೆಕ್ಸ್ ಕಿತ್ತುಹಾಕಿತು. ನಗರ ಕೆಲವು ದಿನ ಮುಖ ತೊಳೆದುಕೊಂಡಂತೆ ಕಂಡಿತು. ಆಗ ಫ್ಲೆಕ್ಸಿನವರು ಕಂಗಾಲಾಗಿದ್ದರು. ಈಗ ಕಿತ್ತರೂ ಚಿಂತೆಯಿಲ್ಲ. ಫ್ಲೆಕ್ಸು ಕಂಬದ ಮೇಲೆ ಒಂದು ಫೋಟೊ ತೆಗೆಯುವಷ್ಟು ಹೊತ್ತು ನಿಂತರೆ ಸಾಕು, ಮಿಕ್ಕ ಬದುಕನ್ನು ಅದು ಮೊಬೈಲಿನಲ್ಲಿ ಕಳೆಯುತ್ತದೆ. ಕಟ್ಟುವುದಕ್ಕೆ ಬೆಳಗಿನ ಜಾವ ನಾಲ್ಕು ಗಂಟೆ, ಫೋಟೊಗೆ ಆರು, ಪಾಲಿಕೆಯ ಗಾಡಿ ಬರುವುದು ಹನ್ನೊಂದಕ್ಕೆ. ಎಲ್ಲರಿಗೂ ಅವರವರ ಕೆಲಸ ಆಯಿತು. ಕಾನೂನು ಪಾಲನೆಯೂ ಆಯಿತು.

ದೊಡ್ಡ ಕಂಪನಿಗಳಿಗೂ ಇದೇ ಬುದ್ಧಿ. 2023ರ ಜನವರಿಯಲ್ಲಿ ಜೊಮ್ಯಾಟೊ ಮತ್ತು ಬ್ಲಿಂಕಿಟ್ ಒಂದು ಸಿನಿಮಾ ಡೈಲಾಗನ್ನು ಹಂಚಿಕೊಂಡು ಅಕ್ಕಪಕ್ಕ ಎರಡು ಜಾಹೀರಾತು ಫಲಕ ನಿಲ್ಲಿಸಿದವು. ಅದನ್ನು ರಸ್ತೆಯಲ್ಲಿ ಕಣ್ಣಾರೆ ಕಂಡವರಿಗಿಂತ ಫೋನಿನಲ್ಲಿ ಕಂಡವರೇ ಹೆಚ್ಚು. ಉಳಿದ ಕಂಪನಿಗಳೆಲ್ಲ ಆ ಚಿತ್ರದ ಪಕ್ಕಕ್ಕೆ ತಮ್ಮದನ್ನೂ ಅಂಟಿಸಿಕೊಂಡು ವಾರಗಟ್ಟಲೆ ಕುಣಿದವು. ನಮ್ಮ ನಂದಿನಿಯೂ ಹಿಂದೆ ಬೀಳಲಿಲ್ಲ. 2024ರ ಟಿ20 ವಿಶ್ವಕಪ್ಪಿನಲ್ಲಿ ಸ್ಕಾಟ್ಲೆಂಡ್ ಮತ್ತು ಐರ್ಲೆಂಡ್ ಆಟಗಾರರ ಅಂಗಿಯ ಮೇಲೆ ಅದು ಮಿಂಚಿತು. ಸ್ಕಾಟ್ಲೆಂಡಿನವರು ಬೆಳಗ್ಗೆ ಎದ್ದು ನಂದಿನಿ ಪಾಕೀಟು ಕತ್ತರಿಸುತ್ತಾರೋ ಇಲ್ಲವೋ, ಹಾಸನದವರು ಮ್ಯಾಚು ನೋಡಿ ಹೆಮ್ಮೆಪಟ್ಟು ಅದರ ಸ್ಕ್ರೀನ್‌ಶಾಟು ಹಂಚಿದ್ದಂತೂ ಹೌದು.

ಹಳೆಯ ಕಾಲದವರು ಈ ವಿಷಯದಲ್ಲಿ ಪೆದ್ದರಾಗಿದ್ದರು ಎಂದೇನೂ ತಿಳಿಯಬೇಡಿ. ಮೈಸೂರು ಸ್ಯಾಂಡಲ್ ಸೋಪನ್ನೇ ನೋಡಿ. 1918ರಿಂದ ತಯಾರಾಗುತ್ತಿರುವ ಆ ಸೋಪಿನ ಚಿತ್ರವನ್ನು ಟ್ರಾಮ್ ಟಿಕೆಟ್ಟಿನ ಮೇಲೆ, ಬೆಂಕಿಪೊಟ್ಟಣದ ಮೇಲೆ ಅಚ್ಚುಹಾಕಿಸಿದ್ದರು. ಕರಾಚಿಯಲ್ಲಿ ಅದಕ್ಕಾಗಿ ಒಂಟೆಗಳ ಮೆರವಣಿಗೆಯನ್ನೂ ಹೊರಡಿಸಿದ್ದರಂತೆ. ಒಡವೆಯ ಡಬ್ಬಿಯಂಥ ಪೆಟ್ಟಿಗೆ, ಅದರೊಳಗೆ ಮೊಟ್ಟೆಯಾಕಾರದ ಸೋಪು. ಇವತ್ತಿನ ಯಾವ ಪ್ಲಾಟಿನಂ ಪ್ಯಾಕೇಜಿನಲ್ಲೂ ಒಂಟೆ ಇಲ್ಲ. ಆದರೆ ಒಂದು ಮಾತು: ಒಂಟೆಗಳು ಹೊರಟುಹೋದ ಮೇಲೂ ಪೆಟ್ಟಿಗೆಯೊಳಗೆ ಸೋಪು ಇರುತ್ತಿತ್ತು, ಸೋಪಿನೊಳಗೆ ಗಂಧದ ಎಣ್ಣೆ ಇರುತ್ತಿತ್ತು. 2025ರಲ್ಲಿ ಅದೇ ಸೋಪಿಗೆ ಎರಡು ವರ್ಷದ ಅವಧಿಗೆ 6.2 ಕೋಟಿ ರೂಪಾಯಿ ಕೊಟ್ಟು ತಮನ್ನಾ ಭಾಟಿಯಾ ಅವರನ್ನು ರಾಯಭಾರಿ ಮಾಡಿದಾಗ, ಕನ್ನಡದ ನಟಿಯರು ಇರಲಿಲ್ಲವೇ ಎಂದು ರಾಜ್ಯವೆಲ್ಲ ಕೆರಳಿತು. ಬೈದವರು ಸೋಪಿನ ಹೆಸರು ಹಾಕಿ ಬೈದರು, ಸಮರ್ಥಿಸಿದವರು ಸೋಪಿನ ಚಿತ್ರ ಹಾಕಿ ಸಮರ್ಥಿಸಿದರು. ಹಾಗೆ ಸಿಕ್ಕ ಪ್ರಚಾರಕ್ಕೆ ಯಾರೂ ಬಿಲ್ಲು ಕಳಿಸಲಿಲ್ಲ.

ಆನ್‌ಲೈನು ಮತ್ತು ಆಫ್‌ಲೈನು ನಿಜಕ್ಕೂ ಕೈಕುಲುಕಿದ ದಿನ ಏನಾಗುತ್ತದೆ ಎಂಬುದನ್ನೂ ಕರ್ನಾಟಕ ನೋಡಿದೆ. ಬೀಡಾ ಅಂಗಡಿ, ಕಾಂಡಿಮೆಂಟ್ಸು, ಬೇಕರಿ, ತರಕಾರಿ ಗಾಡಿ ಎಲ್ಲದಕ್ಕೂ ಕ್ಯುಆರ್ ಅಂಟಿಸಿ, ‘ಇಷ್ಟು ರೂಪಾಯಿ ಬಂದಿದೆ’ ಎಂದು ಬೀದಿಗೆಲ್ಲ ಕೇಳುವಂತೆ ಕೂಗುವ ಡಬ್ಬಿ ಇಟ್ಟು, ಡಿಜಿಟಲ್ ಆಗಿ, ಡಿಜಿಟಲ್ ಆಗಿ ಎಂದು ಬೆನ್ನು ತಟ್ಟಿದ್ದೇ ತಟ್ಟಿದ್ದು. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಆ ಯುಪಿಐ ಲೆಕ್ಕವನ್ನೆಲ್ಲ ಕೂಡಿ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು: ಸರಕಾದರೆ ವರ್ಷಕ್ಕೆ 40 ಲಕ್ಷ, ಸೇವೆಯಾದರೆ 20 ಲಕ್ಷ ದಾಟಿದ್ದೀರಿ, ಜಿಎಸ್‌ಟಿ ಎಲ್ಲಿ? ಬೆಳಗಾಗುವುದರೊಳಗೆ ಕ್ಯುಆರ್ ಸ್ಟಿಕ್ಕರಿನ ಮೇಲೆ ಹಳೇ ಕ್ಯಾಲೆಂಡರಿನ ಹಿಂಬದಿ ಅಂಟಿತು. ಅದರ ಮೇಲೆ ಸ್ಕೆಚ್ ಪೆನ್ನಿನಲ್ಲಿ: ‘ಯುಪಿಐ ಇಲ್ಲ, ಕ್ಯಾಷ್ ಮಾತ್ರ’. ಅಷ್ಟು ನೇರವಾದ, ಅಷ್ಟು ಬೇಗ ಜನಕ್ಕೆ ಮುಟ್ಟಿದ ಜಾಹೀರಾತನ್ನು ನಾನು ಈಚಿನ ವರ್ಷಗಳಲ್ಲಿ ಕಂಡಿಲ್ಲ. ಅದನ್ನು ಬರೆದವರು ಯಾವ ಪ್ಯಾಕೇಜಿಗೂ ದುಡ್ಡು ಕಟ್ಟಿದವರಲ್ಲ.

ಹಾಗಾದರೆ ಈ ವಿದ್ಯೆ ಯಾರಿಗೂ ಒಲಿದೇ ಇಲ್ಲವೇ? ಒಲಿದಿದೆ. ಬಸ್ಸಿನ ಸೀಟಿನ ಹಿಂಭಾಗ, ರೈಲಿನ ಶೌಚಾಲಯದ ಬಾಗಿಲು, ವಿದ್ಯುತ್ ಕಂಬ ನೋಡಿ. ‘ಸ್ತ್ರೀ ಪುರುಷ ವಶೀಕರಣ, ಗಂಡ ಹೆಂಡತಿ ಕಲಹ, ವ್ಯಾಪಾರದಲ್ಲಿ ನಷ್ಟ, ಒಂದೇ ಫೋನ್ ಕರೆಯಲ್ಲಿ ಪರಿಹಾರ’. ಅದೇ ಗುರೂಜಿ ಬೆಳಗ್ಗೆ ಏಳಕ್ಕೆ ಟಿವಿಯಲ್ಲಿ, ಎಂಟಕ್ಕೆ ಯೂಟ್ಯೂಬಿನಲ್ಲಿ, ಪತ್ರಿಕೆಯ ವರ್ಗೀಕೃತ ಜಾಹೀರಾತಿನಲ್ಲಿ ಮೂರು ಸಾಲಾಗಿ, ಮಧ್ಯಾಹ್ನ ವಾಟ್ಸ್‌ಆ್ಯಪಿನಲ್ಲಿ. ಎಲ್ಲ ಕಡೆ ಒಂದೇ ಕುಂಕುಮ, ಒಂದೇ ಶಾಲು, ಒಂದೇ ನಂಬರು. ಟಿವಿಯಲ್ಲಿ ಹೇಳಿದ ದಕ್ಷಿಣೆ ಒಂದು, ಮನೆಗೆ ಹೋದರೆ ಕೇಳುವುದು ಇನ್ನೊಂದು ಎಂಬ ದೂರು ಮಾತ್ರ ಅಲ್ಲೂ ಇದೆ, ಬಿಡಿ. ಆದರೆ ಫೋನು ಮಾಡಿದರೆ ಎರಡನೇ ರಿಂಗಿಗೆ ಎತ್ತುತ್ತಾರೆ. ‘ಹೇಳಮ್ಮಾ’ ಎನ್ನುತ್ತಾರೆ. ಅತ್ತೆಯ ವಿಷಯ ಅರ್ಧ ಗಂಟೆ ಕೇಳಿಸಿಕೊಳ್ಳುತ್ತಾರೆ. ಕಟ್ಟಾದರೆ ಅವರೇ ವಾಪಸು ಮಾಡುತ್ತಾರೆ, ಹೆಸರು ಹಿಡಿದು ಕರೆಯುತ್ತಾರೆ. ಗೋಡೆಯ ಚೀಟಿಗೂ ಅಂಗೈಯ ಫೋನಿಗೂ ನಡುವೆ ಒಬ್ಬ ಮನುಷ್ಯನನ್ನು ಕೂರಿಸಬೇಕೆಂಬುದು ಅವರಿಗೆ ಗೊತ್ತಿದೆ. ಮಾರಲು ಸರಕೇ ಇಲ್ಲದವರಿಗೆ ಮಾತಾಡಲು ಪುರುಸೊತ್ತಿದೆ. ಗೋದಾಮಿನ ತುಂಬ ಸರಕಿಟ್ಟುಕೊಂಡವರು ಅದೇ ಮನುಷ್ಯನ ಸಂಬಳ ಉಳಿಸಿ ಗೋಲ್ಡ್ ಪ್ಯಾಕೇಜಿಗೆ ಕಟ್ಟಿದ್ದಾರೆ.

ಯಜಮಾನರೇ, ತಮ್ಮಲ್ಲಿ ಒಂದು ಅರಿಕೆ. ಮುಂದಿನ ಕಂತು ಕಟ್ಟುವ ಮೊದಲು, ನಿಮ್ಮ ಅಂಗಡಿಯ ಬೋರ್ಡಿನ ಮೇಲಿರುವ ನಂಬರಿಗೆ ಮನೆಯಲ್ಲಿ ಕೂತು ನೀವೇ ಒಂದು ಫೋನು ಮಾಡಿ ನೋಡಿ. ಯಾರಾದರೂ ಎತ್ತಿದರೆ ಆ ಎರಡು ಸೀರೆಗೆ ಒಂದು ಫ್ರೀ ಇನ್ನೂ ಇದೆಯೋ ಇಲ್ಲವೋ ಕೇಳಿ ತಿಳಿಸಿ. ಆಷಾಢ ಮುಗಿಯುವುದಕ್ಕೆ ಇನ್ನು ನಾಲ್ಕೇ ದಿನವಿದೆ.